ಕಡಲಿಗೆ ಹೊರಟ ಮಗನಿಗೆ ದಾರಿ ಯಾವುದು?

ದ್ವಿತೀಯ ಪಿಯುಸಿ ಪರೀಕ್ಷೆಯ ಫಲಿತಾಂಶ ಹೊರಬೀಳುವ ದಿನಗಳಲ್ಲಿ ಕರಾವಳಿಯ ಇಗರ್ಜಿಗಳ ಅಂಗಳದಲ್ಲಿ, ಆದಿತ್ಯವಾರದ ಪೂಜೆಯ ಬಳಿಕ, ಬಹುತೇಕ ಒಂದೇ ವಿಷಯದ ಮಾತುಕತೆ ನಡೆಯುತ್ತದೆ: ಮಕ್ಕಳನ್ನು ಮುಂದೆ ಯಾವ ಶಿಕ್ಷಣಕ್ಕೆ ಸೇರಿಸುವುದು? ಇಂತಹ ಒಂದು ಆದಿತ್ಯವಾರ ನಮ್ಮ ಪರಿಚಯದ ಗೃಹಸ್ಥರೊಬ್ಬರು ನಮ್ಮನ್ನು ಬದಿಗೆ ಕರೆದರು. "ಮಗನಿಗೆ ಹಡಗಿನ ಅಧಿಕಾರಿಯಾಗಬೇಕೆಂಬ ಆಸೆ. ಆರೇ ತಿಂಗಳಲ್ಲಿ ವಿದೇಶಿ ಹಡಗು ಹತ್ತಿಸಿ ಬಿಡುತ್ತೇನೆ ಎಂದು ಏಜೆಂಟರೊಬ್ಬರು ಹೇಳುತ್ತಿದ್ದಾರೆ. ಈ ವಾರವೇ ಹಣ ಕಟ್ಟಬೇಕಂತೆ. ಹೆಂಡತಿಯ ಬಳೆಗಳನ್ನು ಅಡವಿಡಲು ಬ್ಯಾಂಕಿಗೆ ಹೋಗುವವನಿದ್ದೇನೆ. ನೀವೇನು ಹೇಳುತ್ತೀರಿ?" ಎಂದು ಕೇಳಿದರು.

ಉತ್ತರಿಸುವಷ್ಟು ತಿಳಿವಳಿಕೆ ನಮ್ಮಲ್ಲಿರಲಿಲ್ಲ. ಬ್ಯಾಂಕಿನ ಕೆಲಸವನ್ನು ಎರಡು ದಿನ ಮುಂದೂಡುವಂತೆ ಅವರನ್ನು ವಿನಂತಿಸಿ, ತಂದೆ, ತಾಯಿ, ಮಗ ಮೂವರನ್ನೂ ಕರೆದುಕೊಂಡು ನೆರೆಯ ಧರ್ಮಕೇಂದ್ರದಲ್ಲಿ ವಿಶ್ರಾಂತ ಜೀವನ ನಡೆಸುತ್ತಿರುವ ಹಿರಿಯ ಕಪ್ತಾನರ ಮನೆಗೆ ಹೋದೆವು. ಅಂದು ಸಂಜೆ ಅಲ್ಲಿ ಕೇಳಿದ್ದನ್ನೂ ಅನಂತರ ನಾವು ವಿಚಾರಿಸಿ ತಿಳಿದದ್ದನ್ನೂ ಇಂತಹದೇ ಯೋಚನೆಯಲ್ಲಿರುವ ಇತರ ಕುಟುಂಬಗಳ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತಿದ್ದೇವೆ.

ಹುಡುಗನ ಅಂಕಪಟ್ಟಿಯನ್ನು ನೋಡುವ ಮೊದಲೇ ಕಪ್ತಾನರು, "ಕೆಂಪು ಹಸಿರು ಸರಿಯಾಗಿ ಕಾಣುತ್ತದೆಯೇ?" ಎಂದು ಕೇಳಿದರು. ರಾತ್ರಿಯಲ್ಲಿ ಹಡಗಿನ ಎಡ ಮಗ್ಗುಲಲ್ಲಿ ಕೆಂಪು ದೀಪ, ಬಲ ಮಗ್ಗುಲಲ್ಲಿ ಹಸಿರು ದೀಪ ಉರಿಯುತ್ತಿರುತ್ತದೆ. ದೂರದ ಕತ್ತಲೆಯಲ್ಲಿ ಕಾಣುವ ಆ ಬಣ್ಣದಿಂದಲೇ ಎದುರಿನ ಹಡಗು ಯಾವ ದಿಕ್ಕಿಗೆ ಸಾಗುತ್ತಿದೆ ಎಂಬುದನ್ನು ಅಧಿಕಾರಿ ನಿರ್ಧರಿಸಬೇಕು. ಎರಡು ಹಡಗುಗಳು ಮುಖಾಮುಖಿಯಾಗಿ ಬಂದರೆ ಎರಡೂ ಬಲಕ್ಕೆ ತಿರುಗಬೇಕು. ಅಡ್ಡವಾಗಿ ದಾಟುವಾಗ ಯಾವ ಹಡಗಿನ ಬಲಬದಿಯಲ್ಲಿ ಇನ್ನೊಂದು ಹಡಗು ಇರುವುದೋ ಆ ಹಡಗೇ ದಾರಿ ಬಿಡಬೇಕು. 1972ರ ಅಂತಾರಾಷ್ಟ್ರೀಯ ಘರ್ಷಣೆ ತಡೆ ನಿಯಮಗಳು ಹೀಗೆ ವಿಧಿಸುತ್ತವೆ. ಬಣ್ಣಗುರುಡು ಇರುವವರಿಗೆ ಈ ವೃತ್ತಿಯ ಬಾಗಿಲು ತೆರೆಯುವುದಿಲ್ಲ. ಆದುದರಿಂದ ಹಣದ ಮಾತಿಗಿಂತ ಮೊದಲು, ಹಡಗು ಇಲಾಖೆಯ ಮಾನ್ಯತೆ ಪಡೆದ ವೈದ್ಯರಲ್ಲಿ ಕಣ್ಣಿನ ಪರೀಕ್ಷೆ ಮಾಡಿಸುವುದು ಜಾಣತನ.

ಕಡಲ ಮೇಲಿನ ವೃತ್ತಿಗಳಲ್ಲಿ ಎಂಜಿನ್ ವಿಭಾಗ ಬೇರೆ, ಡೆಕ್ ವಿಭಾಗ ಬೇರೆ. ದಾರಿ ತೋರುವ ಅಧಿಕಾರಿ ಡೆಕ್ ವಿಭಾಗಕ್ಕೆ ಸೇರಿದವನು. ಇದಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳಲ್ಲಿ ಸರಾಸರಿ ಶೇಕಡಾ 60 ಹಾಗೂ ಹತ್ತನೇ ಅಥವಾ ಹನ್ನೆರಡನೇ ತರಗತಿಯ ಇಂಗ್ಲಿಷಿನಲ್ಲಿ ಶೇಕಡಾ 50 ಅಂಕ ಬೇಕು. 2008ರಲ್ಲಿ ಸ್ಥಾಪನೆಯಾಗಿ ಚೆನ್ನೈಯಲ್ಲಿ ಕೇಂದ್ರ ಕಚೇರಿ ಹೊಂದಿರುವ ಭಾರತೀಯ ಸಾಗರ ವಿಶ್ವವಿದ್ಯಾನಿಲಯವು ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು ನಡೆಸುತ್ತದೆ. ಅದರಲ್ಲಿ ತೇರ್ಗಡೆಯಾದವರ ಮುಂದೆ ಎರಡು ದಾರಿಗಳಿವೆ. ಮೂರು ವರ್ಷಗಳ ನೌಕಾವಿಜ್ಞಾನದ ಬಿ.ಎಸ್ಸಿ. ಪದವಿ ಪಡೆದು ಕಡಲಿಗಿಳಿಯುವುದು ಒಂದು. ಒಂದು ವರ್ಷದ ನೌಕಾವಿಜ್ಞಾನ ಡಿಪ್ಲೊಮಾ ಮುಗಿಸಿ, 18 ತಿಂಗಳ ಕಾಲ ಹಡಗಿನಲ್ಲಿ ಕೆಡೆಟ್ ಆಗಿ ದುಡಿಯುವುದು ಇನ್ನೊಂದು.

ಈ ಶಿಕ್ಷಣಕ್ಕೆ ನಮ್ಮ ದೇಶದಲ್ಲಿ ಹಳೆಯ ಪರಂಪರೆಯಿದೆ. 1927ರಲ್ಲಿ ಮುಂಬಯಿಯಲ್ಲಿ ಡಫರಿನ್ ಎಂಬ ತರಬೇತಿ ಹಡಗು ಭಾರತೀಯ ತರುಣರಿಗಾಗಿ ಆರಂಭವಾಯಿತು. 1972ರಲ್ಲಿ ಅದರ ಸ್ಥಾನಕ್ಕೆ ರಾಜೇಂದ್ರ ಎಂಬ ಹಡಗು ಬಂದಿತು. 1993ರಲ್ಲಿ ತರಬೇತಿಯು ನವಿ ಮುಂಬಯಿಯ ನೆರುಳದ ದಡದ ಮೇಲಿರುವ ಚಾಣಕ್ಯ ಸಂಸ್ಥೆಗೆ ವರ್ಗವಾಯಿತು. ಅದು ಈಗ ಸಾಗರ ವಿಶ್ವವಿದ್ಯಾನಿಲಯದ ಅಂಗವಾಗಿದೆ.

ತರಗತಿಯಲ್ಲಿ ಕಲಿಯುವುದು ಕಡಿಮೆಯೇನಲ್ಲ. ನಕ್ಷೆಯ ಮೇಲೆ ದಾರಿ ಗುರುತಿಸುವುದು, ಸೂರ್ಯ ನಕ್ಷತ್ರಗಳ ಎತ್ತರವನ್ನು ಸೆಕ್ಸ್‌ಟೆಂಟ್ ಯಂತ್ರದಿಂದ ಅಳೆದು ಹಡಗಿನ ಸ್ಥಾನ ಕಂಡುಹಿಡಿಯುವುದು, ಹವಾಮಾನ, ಸರಕು ತುಂಬಿಸುವ ಕ್ರಮ, ಹಡಗಿನ ಸಮತೋಲದ ಲೆಕ್ಕ, ಬೆಂಕಿ ನಂದಿಸುವುದು, ನೀರಿಗೆ ಬಿದ್ದಾಗ ಜೀವ ಉಳಿಸಿಕೊಳ್ಳುವುದು ಎಲ್ಲವೂ ಅಲ್ಲಿವೆ. ಉಪಗ್ರಹದ ನೆರವಿನಿಂದ ಸ್ಥಾನ ತೋರುವ ಯಂತ್ರಗಳು ಇರುವಾಗ ನಕ್ಷತ್ರಗಳ ಗೊಡವೆ ಏಕೆಂದು ನಾವು ಕೇಳಿದೆವು. "ಯಂತ್ರ ತಪ್ಪು ಹೇಳಿದರೆ ತಪ್ಪೆಂದು ತಿಳಿಯಲು ಇನ್ನೊಂದು ಲೆಕ್ಕ ಬೇಡವೇ?" ಎಂದು ಕಪ್ತಾನರು ಮರುಪ್ರಶ್ನೆ ಹಾಕಿದರು.

ಹಡಗು ಹತ್ತಿದ ಕೆಡೆಟ್ ಅಧಿಕಾರಿಯ ಕುರ್ಚಿಯಲ್ಲಿ ಕೂರುವುದಿಲ್ಲ. ತುಕ್ಕು ಕೆರೆಯುವುದು, ಬಣ್ಣ ಬಳಿಯುವುದು, ಸರಕಿನ ಅಂಕಣಗಳನ್ನು ಗುಡಿಸುವುದು, ತೊಟ್ಟಿಗಳ ಆಳ ಅಳೆಯುವುದು, ಬಂದರಿನಲ್ಲಿ ಹಗ್ಗ ಕಟ್ಟುವುದು ಅವನ ಮೊದಲ ಪಾಠಗಳು. ಕಲಿತ ಪ್ರತಿಯೊಂದು ಕೆಲಸವನ್ನು ತರಬೇತಿ ದಾಖಲೆ ಪುಸ್ತಕದಲ್ಲಿ ಬರೆದು ಮೇಲಧಿಕಾರಿಯ ಸಹಿ ಪಡೆಯಬೇಕು. ಕನಿಷ್ಠ ಆರು ತಿಂಗಳು ಬ್ರಿಜ್ ಎಂದು ಕರೆಯುವ ಚಾಲನಾ ಕೊಠಡಿಯಲ್ಲಿ ಅರ್ಹ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಕಾವಲು ಪಾಳಿ ಮಾಡಿರಬೇಕು. 1978ರ ಅಂತಾರಾಷ್ಟ್ರೀಯ ನಾವಿಕ ತರಬೇತಿ ಒಡಂಬಡಿಕೆಯ ನಿಯಮವಿದು.

ಈ ಸೇವೆಯ ಬಳಿಕ ದಡಕ್ಕೆ ಮರಳಿ ಮತ್ತೊಮ್ಮೆ ಓದಿ, ಸರಕಾರದ ಪರೀಕ್ಷಕರ ಮುಂದೆ ಲಿಖಿತ ಹಾಗೂ ಮೌಖಿಕ ಪರೀಕ್ಷೆಗಳನ್ನು ಎದುರಿಸಬೇಕು. ತೇರ್ಗಡೆಯಾದವನಿಗೆ ಸೆಕೆಂಡ್ ಮೇಟ್ ಅರ್ಹತಾಪತ್ರ ದೊರೆಯುತ್ತದೆ. ಅದನ್ನು ಹಿಡಿದು ಆತ ಮೂರನೇ ಅಧಿಕಾರಿಯಾಗಿ ಸೇರುತ್ತಾನೆ. ಸಾಮಾನ್ಯವಾಗಿ ಬೆಳಿಗ್ಗೆ 8ರಿಂದ 12, ರಾತ್ರಿ 8ರಿಂದ 12 ಅವನ ಪಾಳಿ. ಆ ಎಂಟು ಗಂಟೆಗಳಲ್ಲಿ ಇಪ್ಪತ್ತರ ಹರೆಯದ ಆ ತರುಣನ ಕಣ್ಣಿನ ಮೇಲೆ ಹಡಗು, ಸರಕು ಮತ್ತು ಜೊತೆಗಾರರ ಪ್ರಾಣ ನಿಂತಿರುತ್ತದೆ. ದಡದ ಸಮೀಪ ಬಂದಾಗ ಅದೇ ನೀರಿನಲ್ಲಿ ಮಲ್ಪೆ ಮಂಗಳೂರುಗಳ ನಮ್ಮದೇ ಮೀನುಗಾರರ ದೋಣಿಗಳೂ ಇರುತ್ತವೆ. ಪೂರ್ಣ ವೇಗದಲ್ಲಿ ಸಾಗುವ ದೊಡ್ಡ ಹಡಗನ್ನು ಬಸ್ಸಿನಂತೆ ಥಟ್ಟನೆ ನಿಲ್ಲಿಸಲಾಗದು. ಅದು ನಿಲ್ಲುವಷ್ಟರಲ್ಲಿ ಕೆಲವು ಕಿಲೋಮೀಟರು ಮುಂದೆ ಸಾಗಿರಬಹುದು. ಸಣ್ಣ ದೋಣಿಯ ಮಿಣುಕು ದೀಪವನ್ನು ಸಕಾಲದಲ್ಲಿ ಕಾಣುವವನೇ ನಿಜವಾದ ಅಧಿಕಾರಿ.

ಇಷ್ಟನ್ನು ಕೇಳಿದ ಮೇಲೆ ತಂದೆಯವರು ಏಜೆಂಟರು ಕೊಟ್ಟ ಕಾಗದವನ್ನು ಮುಂದಿಟ್ಟರು. ಕಪ್ತಾನರು ಕನ್ನಡಕ ಹಾಕಿ ಓದಿ, "ಇದರಲ್ಲಿ ಅಧಿಕಾರಿಯ ತರಬೇತಿ ಎಲ್ಲೂ ಇಲ್ಲವಲ್ಲ" ಎಂದರು. ಹತ್ತನೇ ತರಗತಿ ಮುಗಿಸಿದವರಿಗಾಗಿ ಜಿ.ಪಿ. ರೇಟಿಂಗ್ ಎಂಬ ಆರು ತಿಂಗಳ ತರಬೇತಿಯಿದೆ. ಅದು ಹಡಗಿನ ಸಾಮಾನ್ಯ ಸಿಬ್ಬಂದಿಯ ತರಬೇತಿ. ಆ ದುಡಿಮೆಯೂ ಗೌರವದ್ದೇ. ಅವರಿಲ್ಲದೆ ಯಾವ ಹಡಗೂ ಚಲಿಸದು. ಆದರೆ ಅದನ್ನೇ ಅಧಿಕಾರಿಯ ತರಬೇತಿಯೆಂದು ನಂಬಿಸಿ ಹಣ ಪಡೆಯುವುದು ವಂಚನೆ. ಕಾಗದದಲ್ಲಿದ್ದ ಸಂಸ್ಥೆಗೆ ಆ ತರಬೇತಿ ನೀಡುವ ಮಾನ್ಯತೆಯೂ ಇರಲಿಲ್ಲವೆಂದು ಮರುದಿನ ತಿಳಿದುಬಂದಿತು.

ಹಣ ಕಟ್ಟುವ ಮುನ್ನ ಹೆತ್ತವರು ಮೂರು ವಿಷಯಗಳನ್ನು ಖಚಿತಪಡಿಸಿಕೊಳ್ಳಬೇಕು. ಮೊದಲನೆಯದಾಗಿ, 1949ರಲ್ಲಿ ಸ್ಥಾಪನೆಯಾದ, ಮುಂಬಯಿಯಲ್ಲಿರುವ ಹಡಗು ಮಹಾನಿರ್ದೇಶನಾಲಯದ ಮಾನ್ಯ ಸಂಸ್ಥೆಗಳ ಪಟ್ಟಿಯಲ್ಲಿ ಆ ಶಾಲೆಯ ಹೆಸರೂ ಆ ನಿರ್ದಿಷ್ಟ ತರಬೇತಿಯ ಹೆಸರೂ ಇರಬೇಕು. ಎರಡನೆಯದಾಗಿ, ತರಬೇತಿ ಮುಗಿದ ಮೇಲೆ ಹಡಗು ಕೊಡುವವರು ಯಾರು ಎಂಬುದಕ್ಕೆ ಹಡಗು ಕಂಪನಿಯ ಲಿಖಿತ ಒಪ್ಪಿಗೆ ಬೇಕು. ಹಡಗಿನ ಸೇವೆಯಿಲ್ಲದೆ ಪರೀಕ್ಷೆಯಿಲ್ಲ, ಪರೀಕ್ಷೆಯಿಲ್ಲದೆ ಹುದ್ದೆಯಿಲ್ಲ. ಡಿಪ್ಲೊಮಾ ಕೈಯಲ್ಲಿ ಹಿಡಿದು ಹಡಗಿಗಾಗಿ ವರ್ಷಗಟ್ಟಲೆ ಕಾಯುವ ತರುಣರಿದ್ದಾರೆ. ಅವರ ಮನೆಗಳಲ್ಲಿ ಸಾಲದ ಬಡ್ಡಿ ಮಾತ್ರ ಕಾಯುವುದಿಲ್ಲ. ಮೂರನೆಯದಾಗಿ, ನಾವಿಕರನ್ನು ನೇಮಿಸುವ ಸಂಸ್ಥೆಗೆ ಸರಕಾರದ ಪರವಾನಿಗೆ ಇರಬೇಕು. 2013ರಲ್ಲಿ ಜಾರಿಗೆ ಬಂದು 2015ರಲ್ಲಿ ಭಾರತವೂ ಅಂಗೀಕರಿಸಿದ ಅಂತಾರಾಷ್ಟ್ರೀಯ ನಾವಿಕ ಕಾರ್ಮಿಕ ಒಡಂಬಡಿಕೆಯ ಪ್ರಕಾರ, ಕೆಲಸ ಕೊಡಿಸಿದ್ದಕ್ಕಾಗಿ ನಾವಿಕನಿಂದ ಶುಲ್ಕ ಪಡೆಯುವಂತಿಲ್ಲ. ಹಣ ಕೇಳುವವನು ಅಲ್ಲಿಯೇ ತನ್ನ ಗುಣ ತೋರಿಸಿಕೊಂಡಂತೆ.

ತಾಯಿ ಅಲ್ಲಿಯತನಕ ಮೌನವಾಗಿದ್ದರು. "ಹಡಗಿನಲ್ಲಿ ಆದಿತ್ಯವಾರದ ಪೂಜೆ ಸಿಗುತ್ತದೆಯೇ?" ಎಂದು ಮೆಲ್ಲನೆ ಕೇಳಿದರು. ಕಪ್ತಾನರು ಸಾಂತ್ವನದ ಸುಳ್ಳು ಹೇಳಲಿಲ್ಲ. "ಇಲ್ಲಮ್ಮ. ತಿಂಗಳುಗಟ್ಟಲೆ ಸಿಗಲಿಕ್ಕಿಲ್ಲ. ಮೊಂತಿ ಹಬ್ಬದ ಹೊಸ ಅಕ್ಕಿಯ ಊಟವೂ ಸಿಗದು, ಕ್ರಿಸ್ಮಸ್ಸಿನ ಕುಸ್ವಾರ್ ಸಹ ಸಿಗದು. ನಾನು ನನ್ನ ಅಪ್ಪನ ಮರಣದ ಸುದ್ದಿ ಕೇಳಿದ್ದು ನಡುಗಡಲಿನಲ್ಲಿ. ಮನೆ ಮುಟ್ಟಿದಾಗ ತಿಂಗಳ ಪೂಜೆಯೂ ಮುಗಿದಿತ್ತು. ಜಪಸರವೊಂದು ಜೊತೆಗಿತ್ತು, ಅಷ್ಟೆ" ಎಂದರು. ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಪವಿತ್ರ ಸಭೆಯು ನಾವಿಕರ ಈ ಒಂಟಿತನವನ್ನು ಅರಿತಿದೆ. 1920ರ ಅಕ್ಟೋಬರ್ 4ರಂದು ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲಿ ಕಡಲಿನ ಪ್ರೇಷಿತ ಕಾರ್ಯ ಎಂಬ ಸಂಘಟನೆ ಹುಟ್ಟಿಕೊಂಡಿತು. ಇಂದು ಅದನ್ನು ಸ್ಟೆಲ್ಲಾ ಮಾರಿಸ್, ಅಂದರೆ ಕಡಲಿನ ತಾರೆ, ಎಂಬ ಮಾತೆ ಮರಿಯಮ್ಮನವರ ಹೆಸರಿನಿಂದ ಕರೆಯುತ್ತಾರೆ. ಬಂದರಿಗೆ ಬಂದ ನಾವಿಕರನ್ನು ಭೇಟಿಯಾಗುವುದು, ಪೂಜೆಗೆ ಅನುಕೂಲ ಮಾಡಿಕೊಡುವುದು, ಮನೆಯವರೊಡನೆ ಮಾತಾಡಲು ನೆರವಾಗುವುದು ಅದರ ಸೇವೆ. 1997ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಇದೇ ಹೆಸರಿನ ಆದೇಶಪತ್ರದ ಮೂಲಕ ಈ ಸೇವೆಗೆ ನಿಯಮಾವಳಿ ರೂಪಿಸಿದರು. ಜುಲೈ ತಿಂಗಳ ಎರಡನೇ ಆದಿತ್ಯವಾರ ನಾವಿಕರಿಗಾಗಿ ವಿಶೇಷ ಪ್ರಾರ್ಥನೆ ನಡೆಯುತ್ತದೆ. 2020ರಲ್ಲಿ ಕೊರೋನಾ ಪಿಡುಗಿನಿಂದ ಗಡಿಗಳು ಮುಚ್ಚಿದಾಗ, ಒಂದು ಹಂತದಲ್ಲಿ ಸುಮಾರು 4 ಲಕ್ಷ ನಾವಿಕರು ಅವಧಿ ಮುಗಿದರೂ ಮನೆಗೆ ಮರಳಲಾಗದೆ ಹಡಗುಗಳಲ್ಲೇ ಉಳಿಯಬೇಕಾಯಿತು. ಕಡಲಿನಲ್ಲಿರುವ ಮಕ್ಕಳಿಗಾಗಿ ದಡದವರ ಪ್ರಾರ್ಥನೆ ಏಕೆ ಬೇಕು ಎಂಬುದಕ್ಕೆ ಇನ್ನೊಂದು ಸಾಕ್ಷ್ಯ ಬೇಕಿಲ್ಲ.

ಈ ವೃತ್ತಿ ಗಂಡುಮಕ್ಕಳಿಗೆ ಮಾತ್ರ ಎಂಬ ಕಾಲವೂ ಕಳೆದಿದೆ. ಕೇರಳದ ಕ್ಯಾಪ್ಟನ್ ರಾಧಿಕಾ ಮೆನನ್ ಅವರು ಸಂಪೂರ್ಣ ಸ್ವರಾಜ್ಯ ಎಂಬ ತೈಲ ಹಡಗಿನ ಕಪ್ತಾನರಾಗಿ, 2015ರ ಜೂನಿನಲ್ಲಿ ಬಂಗಾಳ ಕೊಲ್ಲಿಯ ಬಿರುಗಾಳಿಯಲ್ಲಿ ಎಂಜಿನ್ ಕೆಟ್ಟು ತೇಲುತ್ತಿದ್ದ ದೋಣಿಯಿಂದ ಏಳು ಮಂದಿ ಮೀನುಗಾರರನ್ನು ರಕ್ಷಿಸಿದರು. ಮರುವರ್ಷ ಅಂತಾರಾಷ್ಟ್ರೀಯ ಸಾಗರ ಸಂಸ್ಥೆಯ ಶೌರ್ಯ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರಾದರು. ನಮ್ಮ ಹೆಣ್ಣುಮಕ್ಕಳ ಹೆತ್ತವರೂ ಇದನ್ನು ಗಮನಿಸಬೇಕು.

ಹೊರಡುವ ಮುನ್ನ ಕಪ್ತಾನರು ಪ್ರೇಷಿತರ ಕಾರ್ಯಕಲಾಪಗಳ 27ನೇ ಅಧ್ಯಾಯವನ್ನು ಓದಿಕೊಂಡು ಬರಲು ಹುಡುಗನಿಗೆ ಹೇಳಿದರು. ಸಂತ ಪೌಲರ ಹಡಗು ಬಿರುಗಾಳಿಗೆ ಸಿಕ್ಕ ವೃತ್ತಾಂತವದು. ಕತ್ತಲೆಯಲ್ಲಿ ನಾವಿಕರು ಆಳವನ್ನು ಅಳೆದಾಗ ಮೊದಲು 20 ಮಾರು, ಮತ್ತೆ 15 ಮಾರು ಸಿಗುತ್ತದೆ. ದಡ ಹತ್ತಿರವಾಗಿದೆ ಎಂದರಿತು ಹಿಂಬದಿಯಿಂದ ನಾಲ್ಕು ಲಂಗರುಗಳನ್ನು ಇಳಿಸುತ್ತಾರೆ. ಅದೇ ರಾತ್ರಿ ಅವರು ಸಣ್ಣ ದೋಣಿಯಲ್ಲಿ ಗುಟ್ಟಾಗಿ ಪಾರಾಗಲು ಹವಣಿಸುತ್ತಾರೆ. ಅವರು ಹೋದರೆ ಉಳಿದವರು ಬದುಕಲಾರರೆಂದು ಪೌಲರು ಎಚ್ಚರಿಸುತ್ತಾರೆ. ಕೊನೆಗೆ ಹಡಗು ಒಡೆದರೂ 276 ಮಂದಿಯೂ ದಡ ಸೇರುತ್ತಾರೆ. "ಅಳೆಯುವುದನ್ನು ಕಾಲೇಜು ಕಲಿಸುತ್ತದೆ. ಬಿಟ್ಟು ಹೋಗದಿರುವುದನ್ನು ಮನೆಯಲ್ಲೇ ಕಲಿತಿರಬೇಕು" ಎಂದು ಕಪ್ತಾನರು ಹೇಳಿದರು.

ಬಳೆಗಳು ಅಡವಿಗೆ ಹೋಗಲಿಲ್ಲ. ಹುಡುಗ ಕಣ್ಣಿನ ಪರೀಕ್ಷೆ ಮುಗಿಸಿ, ಪ್ರವೇಶ ಪರೀಕ್ಷೆಗೆ ಸಿದ್ಧತೆ ನಡೆಸುತ್ತಿದ್ದಾನೆ. ತೇರ್ಗಡೆಯಾಗುವನೋ, ಹಡಗು ದೊರೆಯುವುದೋ, ಈಗಲೇ ಹೇಳಲಾಗದು. ತಂದೆಯವರು ಮಾತ್ರ ಕಳೆದ ವಾರ ನಮಗೆ ಸಿಕ್ಕಿದಾಗ, "ಆರು ತಿಂಗಳ ದಾರಿ ಮೂರು ವರ್ಷದ್ದಾಯಿತು. ಆದರೂ ಈಗ ರಾತ್ರಿ ನಿದ್ರೆ ಬರುತ್ತಿದೆ" ಎಂದರು. ತಾಯಿಯವರು ಮಗನ ಪೆಟ್ಟಿಗೆಗೆ ಈಗಲೇ ಒಂದು ಜಪಸರವನ್ನು ತೆಗೆದಿಟ್ಟಿದ್ದಾರಂತೆ.