ಉಸಿರು ಬಿಗಿಹಿಡಿದು ಕಾಯುವ ಬೇಟೆ

ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿ ಕಾರ್ನ್‌ವಾಲ್ ಎಂಬ ಸೀಮೆ ಅಟ್ಲಾಂಟಿಕ್ ಸಮುದ್ರದೊಳಕ್ಕೆ ಚಾಚಿಕೊಂಡಿದೆ. ಅಲ್ಲಿ ಅಲೆ ಬಂಡೆಗೆ ಅಪ್ಪಳಿಸಿ ಬಿಳಿ ನೊರೆ ಏಳುವ ಜಾಗದಿಂದ ಈಜುವವರು ದೂರ ಇರುತ್ತಾರೆ, ದೋಣಿಯವರಂತೂ ಹತ್ತಿರ ಸುಳಿಯುವುದೇ ಇಲ್ಲ. ಸೀ ಬಾಸ್ ಮೀನು ಬರುವುದು ಅಲ್ಲಿಗೇ. ನೊರೆಯ ಕೆಳಗೆ ಬೆಳಕು ಮಬ್ಬಾಗಿರುತ್ತದೆ. ಅಲೆಯ ಹೊಡೆತಕ್ಕೆ ಏಡಿ, ಸೀಗಡಿಗಳು ಹಿಡಿತ ತಪ್ಪಿ ಉರುಳುತ್ತವೆ, ಸಣ್ಣ ಮೀನುಗಳಿಗೆ ದಿಕ್ಕು ತೋಚದಂತಾಗಿರುತ್ತದೆ. ಬಾಸ್‌ಗೆ ಬೇಕಾದದ್ದೂ ಅಷ್ಟೇ. ಬೆಳ್ಳಿಯಂಥ ಮೈ, ಕಪ್ಪುಬೂದು ಬೆನ್ನು, ಬೆನ್ನಿನ ರೆಕ್ಕೆಯಲ್ಲಿ ಸಾಲಾಗಿ ನಿಂತ ಮುಳ್ಳು, ಕೈ ಕೊಯ್ಯುವಷ್ಟು ಹರಿತವಾದ ಕಿವಿರಿನ ಮುಚ್ಚಳ. ಈ ಮೀನನ್ನು ಅದರ ನೆಲೆಯಲ್ಲೇ ಎದುರುಗೊಂಡು, ಒಂದೇ ಉಸಿರಿನಲ್ಲಿ ಮುಳುಗಿ, ಈಟಿಯಿಂದ ಹೊಡೆಯುವವರಿದ್ದಾರೆ. ಗಾಳ ಹಾಕುವವರ ಲೆಕ್ಕದಲ್ಲಿ ಅವರದು ಸಣ್ಣ ಗುಂಪು. ಆದರೆ ಕಡಲಿನಿಂದ ಆಹಾರ ತೆಗೆಯುವ ಕಸುಬುಗಳಲ್ಲಿ ಇಷ್ಟು ಸಂಯಮ ಬೇಡುವ ಇನ್ನೊಂದನ್ನು ನಾನು ಕಂಡಿಲ್ಲ.

ಕಾರವಾರ, ಗೋವಾ ಕಡೆ ಚೊಣಕ್ ಎಂದು ಕರೆಯುವ ಮೀನನ್ನೂ ಹೋಟೆಲಿನವರು ಸೀ ಬಾಸ್ ಎಂದೇ ಬರೆಯುತ್ತಾರೆ. ಅದು ಬೇರೆ ಕುಟುಂಬದ್ದು, ಬೆಚ್ಚಗಿನ ನೀರಿನದು. ಇಲ್ಲಿ ಹೇಳುತ್ತಿರುವುದು ಯುರೋಪಿನ ಬಾಸ್. ಶಾಸ್ತ್ರೀಯ ಹೆಸರು ಡೈಸೆಂಟ್ರಾರ್ಕಸ್ ಲಾಬ್ರಾಕ್ಸ್. ಇದರ ಬೆಳವಣಿಗೆ ಬಲು ನಿಧಾನ. ಚಳಿಗಾಲದ ಕೊನೆಗೆ, ವಸಂತದ ಮೊದಲಿಗೆ ದೊಡ್ಡ ಮೀನುಗಳು ಇಂಗ್ಲಿಷ್ ಕಾಲುವೆಯ ಆಳದ ನೀರಿನಲ್ಲಿ ಒಟ್ಟು ಸೇರಿ ಮೊಟ್ಟೆಯಿಡುತ್ತವೆ. ಮರಿಗಳು ಪ್ರವಾಹದೊಡನೆ ತೇಲಿ ಬಂದು ಅಳಿವೆಗಳನ್ನು ಸೇರಿ, ಅಲ್ಲೇ ನಾಲ್ಕೈದು ವರ್ಷ ಕಳೆಯುತ್ತವೆ. ಹೆಣ್ಣು ಮೀನು ಮೊದಲ ಸಲ ಮೊಟ್ಟೆಯಿಡುವ ಹೊತ್ತಿಗೆ ಅದರ ಉದ್ದ ಸುಮಾರು 42 ಸೆಂಟಿಮೀಟರು, ವಯಸ್ಸು ಐದಾರು ವರ್ಷ. ಇಪ್ಪತ್ತು ವರ್ಷ ದಾಟಿ ಬದುಕಿದ ಬಾಸ್‌ಗಳೂ ಉಂಟು. ಗುರುತುಪಟ್ಟಿ ಹಾಕಿ ಬಿಟ್ಟು ನಡೆಸಿದ ಅಧ್ಯಯನಗಳಿಂದ ಇನ್ನೊಂದು ಸಂಗತಿ ತಿಳಿದಿದೆ: ಬೇಸಿಗೆಯಲ್ಲಿ ಮೇವಿಗೆ ಬರುವಾಗ ಬಹಳಷ್ಟು ಬಾಸ್‌ಗಳು ಹಿಂದಿನ ವರ್ಷದ ಜಾಗಕ್ಕೇ ಮರಳುತ್ತವೆ. ಹಾಗಾಗಿ ಒಂದು ಬಂಡೆಸಾಲಿನ ಮೀನನ್ನೆಲ್ಲ ಒಂದೇ ಬೇಸಿಗೆಯಲ್ಲಿ ಹೊಡೆದು ಮುಗಿಸಿದರೆ ಮರುವರ್ಷ ಆ ಜಾಗ ಬರಿದಾಗಿರಲೂ ಸಾಕು. ಬಲ್ಲವರು ತಮ್ಮ ಬಂಡೆಯ ಹೆಸರನ್ನು ಯಾರ ಮುಂದೆಯೂ ಬಾಯಿ ಬಿಡದಿರುವುದಕ್ಕೆ ಇದೂ ಒಂದು ಕಾರಣ.

ಈಟಿಗಾರರ ಮೊದಲ ಎದುರಾಳಿ ಚಳಿ. ನಮ್ಮ ಅರಬ್ಬೀ ಸಮುದ್ರಕ್ಕೆ ಇಳಿದವರಿಗೆ ಇದರ ಅಂದಾಜು ಸಿಗುವುದು ಕಷ್ಟ. ಕಾರ್ನ್‌ವಾಲಿನ ಕಡಲು ಮಾರ್ಚ್ ತಿಂಗಳಲ್ಲಿ ಒಂಬತ್ತು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ; ಆಗಸ್ಟ್ ಕೊನೆಗೂ ಸಾಮಾನ್ಯವಾಗಿ ಹದಿನೇಳರ ಸುಮಾರಿಗೆ ಇರುತ್ತದೆ. ಬರಿಮೈಯಲ್ಲಿ ಇಳಿದರೆ ಕೆಲವೇ ನಿಮಿಷಗಳಲ್ಲಿ ಬೆರಳು ಸೆಟೆದುಕೊಳ್ಳುತ್ತದೆ, ಉಸಿರು ಹತೋಟಿಗೆ ಸಿಗುವುದಿಲ್ಲ. ಉಸಿರೇ ಬಂಡವಾಳವಾಗಿರುವ ಈ ಬೇಟೆಗೆ ಅಂಥ ನೀರು ಬಹುಕಾಲ ಮುಚ್ಚಿದ ಬಾಗಿಲಾಗಿತ್ತು. ಅದನ್ನು ತೆರೆದದ್ದು ರಬ್ಬರಿನ ಒಂದು ಬಟ್ಟೆ. ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ 1952ರ ಸುಮಾರಿಗೆ ನಿಯೋಪ್ರೀನ್ ವೆಟ್‌ಸೂಟ್‌ನ ಕಲ್ಪನೆಯನ್ನು ಮುಂದಿಟ್ಟರು. ಶಾಖವನ್ನು ತಡೆಯುವುದು ರಬ್ಬರಿನೊಳಗೆ ಸಿಕ್ಕಿಕೊಂಡ ಅನಿಲದ ಸಣ್ಣ ಸಣ್ಣ ಗುಳ್ಳೆಗಳು. ಅವು ಇದ್ದರೆ ಮೈ ಒದ್ದೆಯಾದರೂ ಚಿಂತೆಯಿಲ್ಲ ಎಂದು ಕಂಡುಕೊಂಡದ್ದು ಅವರ ಹೆಚ್ಚುಗಾರಿಕೆ.

ಇಂದಿನ ಈಟಿಗಾರರು ತೊಡುವ ಸೂಟು ಐದು ಅಥವಾ ಏಳು ಮಿಲಿಮೀಟರು ದಪ್ಪ. ಒಳಮೈಗೆ ಬಟ್ಟೆಯ ಪದರ ಇರುವುದಿಲ್ಲ; ತೆರೆದ ರಂಧ್ರಗಳ ರಬ್ಬರು ನೇರ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಒಣಮೈಗೆ ಹಾಕಲು ಹೋದರೆ ಹರಿದೇ ಹೋದೀತು. ಆದ್ದರಿಂದ ಬಾಟಲಿಯಲ್ಲಿ ತಂದ ಬೆಚ್ಚಗಿನ ಸೋಪುನೀರನ್ನು ಸೂಟಿನೊಳಗೆ ಸುರಿದು, ಕುಲುಕಿ, ಜಾರಿಸಿಕೊಂಡು ತೊಡುತ್ತಾರೆ. ಮೊದಲು ಎದೆಯವರೆಗೆ ಬರುವ ಷರಾಯಿ. ಆಮೇಲೆ ಟೊಪ್ಪಿಗೆಯೂ ಸೇರಿಯೇ ಇರುವ ಮೇಲಂಗಿ. ಅದರೊಳಗೆ ತಲೆ ತೂರಿಸುವಾಗ ಒಂದು ಕ್ಷಣ ಉಸಿರೇ ಕಟ್ಟುತ್ತದೆ. ಮುಖದ ಸುತ್ತಲಿನ ಅಂಚನ್ನು ಬೆರಳಿನಿಂದ ಸರಿಪಡಿಸಿ, ಕಾಲುಗಳ ನಡುವೆ ಪಟ್ಟಿ ಎಳೆದು ಬಿಗಿದು, ರಬ್ಬರಿನ ಕಾಲುಚೀಲ, ಕೈಗವಸು ಹಾಕುತ್ತಾರೆ. ಇಷ್ಟು ರಬ್ಬರು ಮೈಮೇಲಿದ್ದರೆ ಮನುಷ್ಯ ಮುಳುಗುವುದೇ ಇಲ್ಲ. ಅದಕ್ಕಾಗಿ ಸೊಂಟಕ್ಕೆ ಸೀಸದ ಬಿಲ್ಲೆಗಳ ಪಟ್ಟಿ. ಆ ಪಟ್ಟಿ ಒಂದೇ ಎಳೆತಕ್ಕೆ ಕಳಚಿ ಬೀಳುವಂತಿರಬೇಕು ಎಂಬುದು ಹೊಸಬರು ಕಲಿಯುವ ಮೊದಲ ಪಾಠಗಳಲ್ಲೊಂದು.

ನೀರಿಗಿಳಿದವನ ಹಿಂದೆ ಹಗ್ಗದ ತುದಿಯಲ್ಲಿ ಕಿತ್ತಳೆ ಬಣ್ಣದ ಬುರುಡೆಯೊಂದು ತೇಲುತ್ತಿರುತ್ತದೆ, ಮೇಲೊಂದು ಬಾವುಟ. ಕೆಳಗೆ ಮನುಷ್ಯನಿದ್ದಾನೆ ಎಂದು ದೋಣಿಗಳಿಗೆ ತಿಳಿಯಲಿ ಎಂದು. ಕೈಯಲ್ಲಿ ಸ್ಪಿಯರ್‌ಗನ್. ಹೆಸರು ಬಂದೂಕಾದರೂ ಮದ್ದುಗುಂಡು ಇಲ್ಲ. ರಬ್ಬರಿನ ಎಳೆಗಳನ್ನು ಹಿಂದಕ್ಕೆಳೆದು ಸಿಕ್ಕಿಸಿದರೆ ಅದರ ಬಿಗಿತವೇ ಉಕ್ಕಿನ ಈಟಿಯನ್ನು ತಳ್ಳುತ್ತದೆ. ಸಂಕುಚಿತ ಗಾಳಿಯಿಂದ ನಡೆಯುವ ಬಗೆಯೂ ಉಂಟು. ಮೆಡಿಟರೇನಿಯನ್ನಿನ ತಿಳಿನೀರಿನಲ್ಲಿ ಉದ್ದನೆಯ ಗನ್ ಬೇಕು. ಕಾರ್ನ್‌ವಾಲಿನಲ್ಲಿ ಮೂರು ನಾಲ್ಕು ಮೀಟರು ಕಂಡರೂ ಒಳ್ಳೆಯ ದಿನ ಎನ್ನುವ ಹೊತ್ತುಗಳೇ ಹೆಚ್ಚು. ಅಲ್ಲಿ ಮುಕ್ಕಾಲು ಮೀಟರು, ತೊಂಬತ್ತು ಸೆಂಟಿಮೀಟರಿನ ಗನ್ ಸಾಕು. ಕಲಕುನೀರಿನಲ್ಲಿ ಉದ್ದದ್ದನ್ನು ತಿರುಗಿಸುವಷ್ಟರಲ್ಲಿ ಮೀನು ಹೋಗಿರುತ್ತದೆ.

ಬೇಟೆಯ ಹೊತ್ತನ್ನು ಗೊತ್ತುಮಾಡುವುದು ಉಬ್ಬರ ಇಳಿತ. ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆ ಹುಣ್ಣಿಮೆಗಳಲ್ಲೂ ನೀರು ಏರಿ ಇಳಿಯುವುದು ಎರಡು ಮೀಟರಿನ ಆಸುಪಾಸು, ಹಲವೆಡೆ ಅದಕ್ಕೂ ಕಡಿಮೆ. ಇಂಗ್ಲಿಷ್ ಕಾಲುವೆಯ ಜರ್ಸಿ ದ್ವೀಪದಲ್ಲಿ ಅದು ಹನ್ನೆರಡು ಮೀಟರಿನವರೆಗೆ ಹೋಗುತ್ತದೆ. ಅಷ್ಟು ನೀರು ಆರು ತಾಸಿನೊಳಗೆ ಬಂದು ಆರು ತಾಸಿನೊಳಗೆ ಹೋಗಬೇಕೆಂದರೆ ಬಂಡೆಗಳ ನಡುವಿನ ಸೆಳೆತ ಹೊಳೆಯಂತಾಗುತ್ತದೆ. ಆ ಸೆಳೆತವೇ ಚಿಕ್ಕ ಮೀನನ್ನು ಹೊತ್ತು ತರುತ್ತದೆ, ಬಾಸ್ ಅದಕ್ಕೆ ಎದುರುಮುಖವಾಗಿ ನಿಂತು ಕಾಯುತ್ತದೆ. ಯಾವ ಬಂಡೆಯ ಯಾವ ಮಗ್ಗುಲಲ್ಲಿ, ನೀರು ಏರುತ್ತಿರುವಾಗಲೋ ಇಳಿಯುತ್ತಿರುವಾಗಲೋ ಎಂಬುದು ವರ್ಷಗಟ್ಟಲೆ ನೋಡಿ ತಿಳಿಯುವ ವಿದ್ಯೆ. ಕಾರ್ನ್‌ವಾಲ್, ಡೆವನ್, ವೇಲ್ಸ್ ತೀರಗಳ ಪಳಗಿದ ಕೈಗಳಿಗೆ ಒಂದೊಂದು ಬಂಡೆಯ ದಿನಚರಿಯೂ ಬಾಯಿಪಾಠ.

ಬಾಸ್ ಬೆನ್ನಟ್ಟಿ ಹಿಡಿಯುವ ಮೀನಲ್ಲ. ಅದರ ಮೈಯುದ್ದಕ್ಕೂ ಹರಿದ ಪಾರ್ಶ್ವರೇಖೆ ನೀರಿನ ಸಣ್ಣ ಅಲುಗಾಟವನ್ನೂ ಗ್ರಹಿಸುತ್ತದೆ. ಕಾಲಿನ ಒಂದು ಒರಟು ಬಡಿತ ಸಾಕು, ಇಡೀ ಹಿಂಡು ಕಾಣೆಯಾಗಲು. ಆದರೆ ಅದಕ್ಕೊಂದು ದೌರ್ಬಲ್ಯವಿದೆ: ಕುತೂಹಲ. ಈಟಿಗಾರ ಸದ್ದಿಲ್ಲದೆ ಮೂರು ನಾಲ್ಕು ಮೀಟರು ಇಳಿದು, ಕೆಲ್ಪ್ ಎಂಬ ಅಗಲ ಎಲೆಯ ಕಡಲಕಳೆಯ ನಡುವೆ ಹೊಟ್ಟೆ ಅಡಿಯಾಗಿ ಮಲಗುತ್ತಾನೆ. ಒಂದು ಕೈಯಲ್ಲಿ ಕಳೆಯ ಬುಡ, ಇನ್ನೊಂದರಲ್ಲಿ ಚಾಚಿದ ಗನ್. ಅಲೆ ಬಂದಾಗ ಕಳೆಯೂ ಮನುಷ್ಯನೂ ಒಂದೇ ಕಡೆಗೆ ವಾಲುತ್ತಾರೆ, ಅಲೆ ಮರಳಿದಾಗ ಮತ್ತೆ ಈ ಕಡೆಗೆ. ಗದ್ದ ಎದೆಗೆ, ನೋಟ ಕೆಳಗೆ. ನೇರ ಕಣ್ಣಿಟ್ಟು ನೋಡಿದರೆ ಮೀನು ಹೆದರುತ್ತದೆ ಎಂದು ಹಳಬರು ಹೇಳುತ್ತಾರೆ. ಕೆಲವರು ಗಂಟಲಿನಲ್ಲೇ ಸಣ್ಣಗೆ ಗೊರ್ ಎನ್ನಿಸುತ್ತಾರೆ, ಕೆಲವರು ಬೆರಳಿನಿಂದ ಒಂದು ಚಿಟಿಕೆ ಮರಳು ಚಿಮ್ಮುತ್ತಾರೆ. ಇಪ್ಪತ್ತು ಸೆಕೆಂಡು. ಮೂವತ್ತು. ಹಸಿರು ಮಬ್ಬಿನಲ್ಲಿ ಮೊದಲು ಒಂದು ಬೂದು ನೆರಳು, ಆಮೇಲೆ ಅದಕ್ಕೊಂದು ಕಣ್ಣು. ಮೀನು ತಾನೇ ನೋಡಲು ಬಂದಿರುತ್ತದೆ. ಎದುರಿನಿಂದ ಬರುವಾಗ ಹೊಡೆಯುವಂತಿಲ್ಲ. ಅದು ಸಮಾಧಾನವಾಗಿ ಮಗ್ಗುಲು ತಿರುಗಬೇಕು, ಕಿವಿರಿನ ಹಿಂದಿನ ಜಾಗ ಕಾಣಬೇಕು. ತಿರುಗದಿದ್ದರೆ ಆ ಉಸಿರು ವ್ಯರ್ಥ. ಮೇಲೆ ಹೋಗಬೇಕು, ಸುಧಾರಿಸಿಕೊಳ್ಳಬೇಕು, ಮತ್ತೆ ಇಳಿಯಬೇಕು. ಹೊಡೆತ ಬಿದ್ದೊಡನೆ ಮೀನನ್ನು ಕೈಗೆ ತೆಗೆದುಕೊಂಡು, ಕಣ್ಣಿನ ಹಿಂದೆ ಮಿದುಳಿಗೆ ಚೂರಿ ಇಳಿಸಿ ಮುಗಿಸುತ್ತಾರೆ. ಅದು ಒದ್ದಾಡಬಾರದು ಎಂಬುದು ಅವರ ನಡುವಿನ ಕಟ್ಟುನಿಟ್ಟು.

ಅಪಾಯ ಇರುವುದು ಅಲೆಯಲ್ಲಿ, ಬಂಡೆಯಲ್ಲಿ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಅದಕ್ಕಿಂತ ಕ್ರೂರವಾದದ್ದು ದೇಹದೊಳಗೇ ಇದೆ. ಉಸಿರಾಡಬೇಕೆಂಬ ತವಕವನ್ನು ಹುಟ್ಟಿಸುವುದು ಮುಖ್ಯವಾಗಿ ಹೆಚ್ಚಾಗುವ ಇಂಗಾಲದ ಡೈಆಕ್ಸೈಡ್. ಆಮ್ಲಜನಕದ ಕೊರತೆ ಅಷ್ಟಾಗಿ ಅರಿವಿಗೆ ಬರುವುದೇ ಇಲ್ಲ. ಮುಳುಗುವ ಮುಂಚೆ ಜೋರಾಗಿ ಪದೇಪದೇ ಉಸಿರೆಳೆದು ಬಿಟ್ಟರೆ ಆ ಎಚ್ಚರಿಕೆಯ ಗಂಟೆಯೇ ನಿಂತಂತೆ. ಹತ್ತು ಮೀಟರು ಆಳದಲ್ಲಿ ಒತ್ತಡ ಮೇಲ್ಮೈಗಿಂತ ಎರಡರಷ್ಟಿರುವುದರಿಂದ ಅಲ್ಲಿ ಆಮ್ಲಜನಕ ಸಾಕೆನಿಸುತ್ತದೆ. ಮೇಲೇರುತ್ತ ಒತ್ತಡ ಇಳಿದಂತೆ, ಕೊನೆಯ ಕೆಲವು ಮೀಟರುಗಳಲ್ಲಿ ಅದು ಏಕಾಏಕಿ ಸಾಲದಾಗಿ ಪ್ರಜ್ಞೆ ತಪ್ಪುತ್ತದೆ. ನೋವಿಲ್ಲ, ಮುನ್ಸೂಚನೆಯಿಲ್ಲ. ಆಳವಿಲ್ಲದ ನೀರಿನಲ್ಲೂ, ಒಳ್ಳೆಯ ಈಜುಗಾರರಿಗೂ ಹೀಗಾಗಿ ಜೀವ ಹೋದದ್ದಿದೆ. ಆದ್ದರಿಂದಲೇ ಒಬ್ಬ ಕೆಳಗೆ, ಒಬ್ಬ ಮೇಲೆ ಎಂಬ ಜೋಡಿ ನಿಯಮ. ಮೇಲಿದ್ದವನ ಕಣ್ಣು ಕೆಳಗಿದ್ದವನ ಮೇಲೆ, ಅವನು ಮೇಲೆ ಬಂದು ಅರ್ಧ ನಿಮಿಷ ಕಳೆಯುವವರೆಗೂ. ಒಳ್ಳೆಯ ಮೀನು ಕಂಡಾಗ ಇನ್ನೈದು ಸೆಕೆಂಡು ಎಂದು ಆಸೆಪಡದೆ ಬಿಟ್ಟು ಬರುವವನೇ ಈ ಕಸುಬಿನಲ್ಲಿ ಬಹುಕಾಲ ಉಳಿಯುವುದು.

ಈಟಿಯಿಂದ ಮೀನು ಹಿಡಿಯುವುದು ಮನುಷ್ಯನಷ್ಟೇ ಹಳೆಯದು. ಇಂದಿನ ರೂಪ ಬಂದದ್ದು 1930ರ ದಶಕದಲ್ಲಿ, ಫ್ರಾನ್ಸಿನ ದಕ್ಷಿಣ ತೀರದಲ್ಲಿ. ಫ್ರೆಂಚ್ ನೌಕಾಧಿಕಾರಿ ಲೂಯಿ ದ ಕೊರ್ಲ್ಯೂ 1933ರಲ್ಲಿ ರಬ್ಬರಿನ ಈಜುಪಾದಗಳಿಗೆ ಪೇಟೆಂಟ್ ಪಡೆದರು. ಅಲ್ಲೇ ನೆಲೆಸಿದ್ದ ಅಮೆರಿಕನ್ ಬರಹಗಾರ ಗೈ ಗಿಲ್ಪಾಟ್ರಿಕ್ 1938ರಲ್ಲಿ ಈ ಬೇಟೆಯ ಬಗ್ಗೆ ಪುಸ್ತಕವನ್ನೇ ಬರೆದರು. ಕಡಲೊಳಗಿನ ಲೋಕವನ್ನು ಜಗತ್ತಿಗೆ ತೋರಿಸಿದ ಜಾಕ್ ಕುಸ್ಟೋ ಕೂಡ ಮೊದಲು ನೀರಿಗಿಳಿದದ್ದು ಗೆಳೆಯರಾದ ಫಿಲಿಪ್ ತಾಯೆ, ಫ್ರೆಡೆರಿಕ್ ದ್ಯೂಮಾ ಅವರೊಡನೆ ಈಟಿ ಹಿಡಿದೇ. 1943ರಲ್ಲಿ ಎಮಿಲ್ ಗಾನ್ಯಾ ಜೊತೆ ಸೇರಿ ಅವರು ಗಾಳಿಯ ಸಿಲಿಂಡರು ಹೊತ್ತು ಉಸಿರಾಡುವ ಸಾಧನ ರೂಪಿಸಿದ ಮೇಲೆ, ಅದನ್ನು ಕಟ್ಟಿಕೊಂಡು ಬೇಟೆಯಾಡಿದರೆ ಮೀನಿಗೆ ಉಳಿಗಾಲವಿಲ್ಲ ಎಂಬುದು ಬೇಗ ಎಲ್ಲರಿಗೂ ಅರ್ಥವಾಯಿತು. ಇಂದು ಫ್ರಾನ್ಸ್, ಇಟಲಿ, ಸ್ಪೇನ್‌ಗಳಲ್ಲಿ ಸಿಲಿಂಡರು ಹೊತ್ತು ಈಟಿ ಬಳಸುವುದು ಕಾನೂನುಬಾಹಿರ. ಬ್ರಿಟನ್ನಿನ ಈಟಿಗಾರರ ಸಂಘವೂ ತನ್ನ ನಡಾವಳಿಯಲ್ಲಿ ಅದನ್ನು ಒಪ್ಪುವುದಿಲ್ಲ. ಎಷ್ಟು ಹೊತ್ತು ಉಸಿರಿದೆಯೋ ಅಷ್ಟೇ ಹೊತ್ತು ಬೇಟೆ.

ಬಾಸ್‌ಗೆ ಕುತ್ತು ಬಂದದ್ದು ಈಟಿಯಿಂದಲ್ಲ. ಚಳಿಗಾಲದಲ್ಲಿ ಮೊಟ್ಟೆಯಿಡಲು ಸೇರಿದ ಹಿಂಡುಗಳನ್ನೇ ದೊಡ್ಡ ಟ್ರಾಲ್ ಬಲೆಗಳು ಬಾಚಿಕೊಂಡವು. 2008ರಿಂದೀಚೆಗೆ ಸಾಲಾಗಿ ಹಲವು ವರ್ಷ ಮರಿಗಳ ಸಂಖ್ಯೆಯೂ ಕುಸಿಯಿತು. 2015ರ ಆರಂಭದಲ್ಲಿ ಐರೋಪ್ಯ ಒಕ್ಕೂಟ ಮೊಟ್ಟೆಯಿಡುವ ಕಾಲದ ಆ ಟ್ರಾಲಿಂಗನ್ನು ತುರ್ತಾಗಿ ನಿಲ್ಲಿಸಿತು. ಅದೇ ವರ್ಷ ಹಿಡಿಯಬಹುದಾದ ಕನಿಷ್ಠ ಉದ್ದವನ್ನು 36 ಸೆಂಟಿಮೀಟರಿನಿಂದ 42ಕ್ಕೆ ಏರಿಸಲಾಯಿತು. ಮೊಟ್ಟೆಯಿಡುವ ಮೊದಲೇ ಮೀನು ತಟ್ಟೆಗೆ ಬರುವುದು ಅಲ್ಲಿಯವರೆಗೂ ಕಾನೂನುಬದ್ಧವಾಗಿತ್ತು ಎಂಬುದನ್ನು ನೆನೆದರೆ ಸಂಕಟವಾಗುತ್ತದೆ. ಹವ್ಯಾಸಕ್ಕೆ ಹಿಡಿಯುವವರ ಮೇಲೂ ಮಿತಿ ಬಂತು. 2018ರ ಬಹುಪಾಲು ಹಿಡಿದರೂ ಮರಳಿ ನೀರಿಗೆ ಬಿಡಬೇಕಿತ್ತು. 2020ರಲ್ಲಿ ದಿನಕ್ಕೆ ಎರಡು ಮೀನು ಎಂದಾಯಿತು. ಗಾಳದವರಿಗೆ ಹಿಡಿದು ಬಿಡುವ ದಾರಿಯಿದೆ. ಈಟಿ ತಾಗಿದ ಮೀನನ್ನು ಬಿಡುವುದೆಲ್ಲಿ? ಹಿಡಿದದ್ದನ್ನು ಬಿಡಲೇಬೇಕಿದ್ದ ತಿಂಗಳುಗಳಲ್ಲಿ ಈಟಿಗಾರರು ಬಾಸ್ ಕಂಡರೂ ಗನ್ ಎತ್ತುವಂತಿರಲಿಲ್ಲ. ಪಕ್ಕದ ಐರ್ಲೆಂಡ್ 1990ರಲ್ಲೇ ವಾಣಿಜ್ಯ ಬಾಸ್ ಮೀನುಗಾರಿಕೆಯನ್ನು ಕೈಬಿಟ್ಟಿತ್ತು. ಆ ದೂರದೃಷ್ಟಿ ಉಳಿದವರಿಗೂ ಇದ್ದಿದ್ದರೆ ಹೀಗೆ ತುರ್ತು ಆದೇಶಕ್ಕೆ ಕಾಯಬೇಕಿರಲಿಲ್ಲವೇನೋ.

ಹೊಡೆದ ಮೇಲೆ ತಿದ್ದಿಕೊಳ್ಳುವ ಅವಕಾಶ ಇಲ್ಲದ್ದರಿಂದ ತೀರ್ಮಾನವೆಲ್ಲ ಹೊಡೆಯುವ ಮುಂಚೆಯೇ ಆಗಬೇಕು. ಅಲ್ಲಿ ನೀರೇ ಮೋಸ ಮಾಡುತ್ತದೆ. ಮುಖವಾಡದ ಗಾಜಿನ ಹಿಂದಿನ ಗಾಳಿಗೂ ಎದುರಿನ ನೀರಿಗೂ ಬೆಳಕಿನ ವಕ್ರೀಭವನದಲ್ಲಿ ವ್ಯತ್ಯಾಸವಿರುವುದರಿಂದ ವಸ್ತುಗಳು ಸುಮಾರು ಮೂರನೇ ಒಂದರಷ್ಟು ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತವೆ. ಅಂದರೆ 32 ಸೆಂಟಿಮೀಟರಿನ ಮರಿಯೊಂದು ಕಣ್ಣಿಗೆ 42 ಆಗಿ ನಿಲ್ಲುತ್ತದೆ! ಕಾನೂನಿನ ಅಳತೆಗೆ ಸರಿಯಾಗಿ ಕಂಡ ಮೀನು ವಾಸ್ತವದಲ್ಲಿ ಒಮ್ಮೆಯೂ ಮೊಟ್ಟೆಯಿಡದ ಎಳೆಯದು. ಅನುಮಾನ ಬಂದರೆ ಬಿಡು ಎಂಬ ಮಾತನ್ನು ಹಿರಿಯರು ಹೊಸಬರಿಗೆ ಮತ್ತೆ ಮತ್ತೆ ಹೇಳುವುದು ಇದಕ್ಕೇ. ಹೊಡೆಯುವ ಕೈಗಿಂತ ಹೊಡೆಯದೆ ಇರುವ ಕೈ ಪಳಗುವುದು ತಡ.

ಈ ಬೇಟೆಯ ಮೇಲೆ ಒಂದು ಗಟ್ಟಿ ಆಕ್ಷೇಪಣೆಯೂ ಇದೆ, ಅದನ್ನು ತಳ್ಳಿಹಾಕಲಾಗದು. ಕಣ್ಣಾರೆ ನೋಡಿ ಆರಿಸುವವನು ದೊಡ್ಡದನ್ನೇ ಆರಿಸುತ್ತಾನೆ. ಬಾಸ್‌ನಲ್ಲಿ ತೀರ ದೊಡ್ಡವೆಲ್ಲ ಸಾಮಾನ್ಯವಾಗಿ ಹೆಣ್ಣುಗಳು. ಹೆಣ್ಣು ದೊಡ್ಡದಾದಷ್ಟೂ ಮೊಟ್ಟೆ ಹೆಚ್ಚು. ಹದಿನೈದು ವರ್ಷ ಬೆಳೆದ ಅಂಥ ತಾಯಿಯನ್ನು ಒಂದು ಫೋಟೋದ ಆಸೆಗೆ ಕೊಲ್ಲುವುದು ನನಗಂತೂ ಸರಿಕಾಣುವುದಿಲ್ಲ. ಕನಿಷ್ಠ ಅಳತೆಯ ಜೊತೆಗೆ ಗರಿಷ್ಠ ಅಳತೆಯನ್ನೂ ತಾವಾಗಿಯೇ ಹಾಕಿಕೊಂಡವರಿದ್ದಾರೆ: ಒಂದೂವರೆ, ಎರಡು ಕಿಲೋ ತೂಗುವ ಒಂದು ಮೀನು ಸಿಕ್ಕಿದರೆ ಅಂದಿಗೆ ಮುಗಿಯಿತು, ದೊಡ್ಡದು ಬಂದು ನೋಡಿ ಹೋದರೆ ಹೋಗಲಿ. ಬಂಡೆಯ ಸಂದಿಯಲ್ಲೇ ಬದುಕು ಸವೆಸುವ, ಹೊಡೆಯಲು ತೀರ ಸುಲಭವಾದ ವ್ರಾಸ್ ಮೀನನ್ನು ಇವರು ಮುಟ್ಟುವುದೂ ಇಲ್ಲ.

ಹವ್ಯಾಸಕ್ಕೆ ಹಿಡಿದ ಬಾಸನ್ನು ಮಾರುವಂತಿಲ್ಲ, ಹಾಗಾಗಿ ಅದು ಮನೆಯ ಒಲೆಗೆ ಅಥವಾ ನೆರೆಯವರ ಒಲೆಗೆ ಹೋಗುತ್ತದೆ. ಒದ್ದಾಡದೆ ಸತ್ತ ಮೀನಿನ ಮಾಂಸ ಬಿಗಿಯಾಗಿಯೂ ತಿಳಿಯಾಗಿಯೂ ಇರುತ್ತದೆ. ತೀರದಲ್ಲೇ ಕರುಳು ತೆಗೆದು, ಮಂಜುಗಡ್ಡೆಯಲ್ಲಿಟ್ಟು ಮನೆಗೆ ತಂದು, ಒಂದು ದಿನ ತಣ್ಣಗಿಡುತ್ತಾರೆ. ಮಾರನೆಯ ಸಂಜೆ ಚರ್ಮ ಕೆಳಗಾಗಿ ಕಾದ ಬಾಣಲೆಗೆ ಹಾಕಿ, ಸ್ವಲ್ಪ ಬೆಣ್ಣೆ, ಉಪ್ಪು, ಒಂದು ಹೋಳು ನಿಂಬೆ. ತಲೆ, ಮುಳ್ಳುಗಳು ಸಾರಿಗೆ.