ಅಜ್ಜನ ವಾಚು, ಅಪ್ಪನ ಲೇಥು

ಅಜ್ಜನ ವಾಚು ನಿಂತ ವಾರವೇ ಜಪಾನಿನವರ ಮೇಲ್ ಬರುವುದು ನಿಂತಿತು. ಎರಡಕ್ಕೂ ಸಂಬಂಧವಿಲ್ಲ ಅಂತ ನೀವು ಹೇಳ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ.

ನಮ್ಮ ಮನೆ ಬೆಳಗಾವಿಯ ಅನಗೋಳದಲ್ಲಿ. ಅಪ್ಪನ ವರ್ಕ್‌ಶಾಪು ಪಕ್ಕದ ಉದ್ಯಮಬಾಗದಲ್ಲಿ. ಹೈಡ್ರಾಲಿಕ್ ಕಂಪನಿಗಳಿಗೆ ಬುಷ್, ಪಿನ್ನು ಮಾಡಿಕೊಡುವ ಸಣ್ಣ ಶೆಡ್ಡು, ಆರು ಜನ ಕೆಲಸಗಾರರು. ಸಾಲದ ಮೇಲೆ ತಂದ ಒಂದು ಸಿಎನ್‌ಸಿ ಮಷಿನ್ನು, ಮತ್ತೆ ಅಪ್ಪ ಯಾರಿಗೂ ಮಾರಗೊಡದ ಒಂದು ಹಳೇ ಎಚ್ಎಂಟಿ ಲೇಥು. ನಾನು ಬಿಕಾಂ ಮುಗಿಸಿ, ಎರಡು ವರ್ಷ ಪುಣೆಯಲ್ಲಿ ದುಡಿದು, ವಾಪಸ್ ಬಂದು ಶೆಡ್ಡಿನ ಕಚೇರಿ ನೋಡಿಕೊಳ್ಳುತ್ತಿದ್ದೇನೆ. ಕಚೇರಿ ಅಂದರೆ ಒಂದು ಟೇಬಲ್ಲು, ಒಂದು ಲ್ಯಾಪ್‌ಟಾಪು, ಒಂದು ಫ್ಯಾನು.

ಹೋದ ವರ್ಷ ಒಂದು ಜಪಾನಿ ಕಂಪನಿಯ ಬೆಂಗಳೂರು ಆಫೀಸಿನಿಂದ ವಿಚಾರಣೆ ಬಂತು. ಮೊದಲು ಐವತ್ತು ಬುಷ್ ಸ್ಯಾಂಪಲ್ ಕಳಿಸಿ ಅಂದರು. ಅಪ್ಪ ಖುಷಿಯಿಂದ ತಾವೇ ನಿಂತು ಮಾಡಿಸಿದರು. ಅವರು ಕೇಳಿದ್ದು ಇನ್ನೊಂದು: ಐವತ್ತೂ ಪೀಸಿನ ಅಳತೆ, ಪೀಸಿಗೊಂದು ಸಾಲಿನಂತೆ ಬರೆದ ವರದಿ. "ಇಷ್ಟ್ ವರ್ಷ ಯಾರೂ ಕೇಳಿಲ್ಲ, ಒಂದೈದು ಅಳದ್ ಕಳಿಸಿದ್ರ ಸಾಕು" ಅಂದರು ಅಪ್ಪ. ನಾನು ಐದನ್ನು ಅಳೆಸಿದೆ. ಉಳಿದ ನಲವತ್ತೈದು ಸಾಲಿಗೆ ಅದೇ ಅಂಕಿಗಳನ್ನು ಅಲ್ಲಷ್ಟು ಇಲ್ಲಷ್ಟು ತಿದ್ದಿ ತುಂಬಿದೆ. ಎಕ್ಸೆಲ್‌ನಲ್ಲಿ ಹತ್ತು ನಿಮಿಷದ ಕೆಲಸ.

ಅವರು ಐವತ್ತನ್ನೂ ಅಳೆದರು. ಪೀಸುಗಳೆಲ್ಲ ಸರಿ ಇದ್ದವು, ನನ್ನ ಅಂಕಿಗಳು ಮಾತ್ರ ಹೊಂದಲಿಲ್ಲ. ಒಂದು ಮೇಲ್‌ನಲ್ಲಿ, ಬಹಳ ಮರ್ಯಾದೆಯಿಂದ, ಯಾವ ಉಪಕರಣದಿಂದ ಅಳೆದಿರಿ ಅಂತ ಕೇಳಿದರು. ನಾನು ಏನೋ ಒಂದು ಬರೆದೆ. ಆಮೇಲೆ ಮೌನ. ಬೈಗುಳವಿಲ್ಲ, ಕಾರಣವಿಲ್ಲ. ಆ ಆರ್ಡರು ಬಂದಿದ್ದರೆ ಸಿಎನ್‌ಸಿಯ ಕಂತು ಆರಾಮಾಗಿ ಸಾಗುತ್ತಿತ್ತು. ಅಪ್ಪ ಮಾತ್ರ "ನಮ್ಮ ರೇಟ್ ಜಾಸ್ತಿ ಆತೇನ" ಅಂತಲೇ ತಿಂಗಳುಗಟ್ಟಲೆ ಕೊರಗಿದರು. ನಾನು ಬಾಯಿ ಬಿಡಲಿಲ್ಲ.

ಈಗ ವಾಚಿಗೆ ಬರ್ತೀನಿ.

ಅಜ್ಜ ಖಾನಾಪುರ ಕಡೆಯ ಶಾಲೆಯೊಂದರಲ್ಲಿ ಮಾಸ್ತರು. ದಿನಾ ರೈಲಿಗೆ ಹೋಗಿಬರುವವರು. ರೈಲು ತಪ್ಪಬಾರದು ಅಂತ 1970ರ ದಶಕದಲ್ಲಿ ಕೂಡಿಟ್ಟ ದುಡ್ಡಿನಲ್ಲಿ ಎಚ್ಎಂಟಿ ಜನತಾ ಕೊಂಡಿದ್ದರು. ಅವರು ಹೋದ ಮೇಲೆ ಅದು ನನ್ನ ಕೈಗೆ ಬಂತು. ದಿನಾ ಮುಂಜಾನೆ ಚಾವಿ ಕೊಟ್ಟು ಕಟ್ಟಿಕೊಳ್ಳುವುದು ಅಭ್ಯಾಸ. ಅದು ನಿಂತಾಗ ಪೇಟೆಯಲ್ಲಿರುವ ನಮ್ಮ ಪರಿಚಯದ ವಾಚ್ ರಿಪೇರಿ ಕಾಕಾ ಹತ್ತಿರ ಒಯ್ದೆ.

ಕಾಕಾ ಹಿಂದಿನ ಮುಚ್ಚಳ ತೆಗೆದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, "ಏ ತಂಗಿ, ಇದು ನಮ್ಮ ಬೆಂಗಳೂರ ವಾಚ್ ಅಂತೀ ಅಲ್ಲಾ, ಹೊಟ್ಟ್ಯಾಗ ಜಪಾನ್ ಐತಿ ನೋಡು" ಅಂದರು. ಡಯಲ್ ಮೇಲೆ 17 ಜ್ಯುವೆಲ್ಸ್ ಅಂತ ಇದೆಯಲ್ಲ, ಜೊತೆಗೆ ಪ್ಯಾರಾಶಾಕ್ ಅಂತ ಒಂದು ಪದ. ಅದು ಜಪಾನಿನ ಸಿಟಿಜನ್ ಕಂಪನಿಯದು. ವಾಚು ಕೆಳಗೆ ಬಿದ್ದರೂ ಒಳಗಿನ ನಾಜೂಕು ಅಚ್ಚು ಮುರಿಯದಂತೆ ಸ್ಪ್ರಿಂಗಿನ ಆಸರೆ ಕೊಡುವ ವ್ಯವಸ್ಥೆ. 1956ರಲ್ಲಿ ಸಿಟಿಜನ್‌ನವರು ಇದನ್ನು ತೋರಿಸಲು ಹೆಲಿಕಾಪ್ಟರಿನಿಂದಲೇ ವಾಚುಗಳನ್ನು ಕೆಳಗೆ ಬಿಟ್ಟಿದ್ದರಂತೆ. ನಮ್ಮ ಅಜ್ಜನದು ಒಮ್ಮೆ ಬಾವಿಕಟ್ಟೆ ಮೇಲಿಂದ ಬಿದ್ದಿತ್ತು, ಏನೂ ಆಗಿರಲಿಲ್ಲ. ಅಜ್ಜ ಅದನ್ನು ದೇವರ ದಯೆ ಅಂತಿದ್ದರು.

ಎಚ್ಎಂಟಿಗೆ 1961ರಲ್ಲಿ ಸಿಟಿಜನ್ ಜೊತೆ ಒಪ್ಪಂದವಾಗಿ ಬೆಂಗಳೂರಿನಲ್ಲಿ ವಾಚುಗಳು ಶುರುವಾದವು. ಇಷ್ಟು ಬಹಳ ಜನಕ್ಕೆ ಗೊತ್ತು. ಆ ರಾತ್ರಿ ಫೋನಿನಲ್ಲಿ ಸಿಟಿಜನ್ ಬಗ್ಗೆ ಓದುತ್ತಾ ಹೋದಾಗ ನನಗೆ ಸಿಕ್ಕದ್ದು ಬೇರೆ. ಆ ಹೆಸರಿನ ಬುಡದಲ್ಲಿ ಒಬ್ಬ ಸ್ವಿಸ್ ವ್ಯಾಪಾರಿ ಕೂತಿದ್ದ.

ರಾಹುಕಾಲದ ದೇಶಕ್ಕೆ ಗಡಿಯಾರ ಮಾರುವುದು

ಸ್ವಿಸ್‌ನವರು ಜಪಾನಿಗೆ ಹೋದ ಕಥೆ ಸೋಲಿನಿಂದಲೇ ಶುರುವಾಗುತ್ತದೆ. ಜಪಾನು ಬಾಗಿಲು ತೆರೆದ ಹೊಸತರಲ್ಲಿ, 1860ರ ಆಸುಪಾಸು, ಫ್ರಾನ್ಸ್ವಾ ಪೆರೆಗೊ ಎಂಬಾತ ಯೊಕೊಹಾಮಾಕ್ಕೆ ಹೋಗಿ ಗಡಿಯಾರ ಮಾರಲು ಕೂತ. ಇವತ್ತಿನ ಜಿರಾರ್-ಪೆರೆಗೊ ಬ್ರ್ಯಾಂಡಿನ ಮನೆತನದವನೇ, ಜಿರಾರನ ಹೆಂಡತಿಯ ಅಣ್ಣತಮ್ಮಂದಿರಲ್ಲಿ ಒಬ್ಬ. ಸರಕು ಮೊದಲ ದರ್ಜೆಯದು, ಆದರೆ ವ್ಯಾಪಾರ ಏಳಲೇ ಇಲ್ಲ. ಯಾಕಂದರೆ ಆ ಗಡಿಯಾರ ತೋರಿಸುವ ಹೊತ್ತು ಜಪಾನಿನಲ್ಲಿ ಇರಲೇ ಇಲ್ಲ.

ಅವರ ಲೆಕ್ಕದಲ್ಲಿ ಹಗಲಿಗೆ ಆರು ಪಾಲು, ರಾತ್ರಿಗೆ ಆರು ಪಾಲು. ಬೇಸಿಗೆಯಲ್ಲಿ ಹಗಲು ದೊಡ್ಡದಾದರೆ ಪಾಲೂ ದೊಡ್ಡದು, ಚಳಿಗಾಲದಲ್ಲಿ ಸಣ್ಣದು. ವಿಚಿತ್ರ ಅನಿಸಿದರೆ ಅಜ್ಜಿಯ ಪಂಚಾಂಗ ತೆಗೆದು ನೋಡಿ. ರಾಹುಕಾಲವೂ ಹೀಗೇ, ಸೂರ್ಯೋದಯದಿಂದ ಸೂರ್ಯಾಸ್ತದ ತನಕದ ಹೊತ್ತಿನ ಎಂಟನೇ ಒಂದು ಪಾಲು. ಗೋಡೆ ಕ್ಯಾಲೆಂಡರಿನವರು ಒಂದೂವರೆ ತಾಸು ಅಂತ ಅಚ್ಚು ಹಾಕಿರುತ್ತಾರೆ, ಆದರೆ ನಮ್ಮ ಬೆಳಗಾವಿಯ ಸೂರ್ಯನನ್ನು ಹಿಡಿದು ಲೆಕ್ಕ ಹಾಕಿದರೆ ಜೂನಿನಲ್ಲಿ ಅದು ಸುಮಾರು 98 ನಿಮಿಷ, ಡಿಸೆಂಬರಿನಲ್ಲಿ 84ರ ಹತ್ತಿರ. ಇಡೀ ದೇಶವೇ ಹೀಗೆ ಹಿಗ್ಗಿ ಕುಗ್ಗುವ ಹೊತ್ತಿನಲ್ಲಿ ಬದುಕುವಾಗ ಹನ್ನೆರಡು ಅಂಕಿಯ ಸ್ವಿಸ್ ವಾಚು ಕೈಗೆ ಒಂದು ಆಭರಣವಷ್ಟೇ.

ಜಪಾನು ಹೊಸ ಕ್ಯಾಲೆಂಡರನ್ನೂ ಸಮ ಗಂಟೆಗಳನ್ನೂ ಒಪ್ಪಿಕೊಂಡದ್ದು 1873ರ ಜನವರಿ 1ರಂದು. ಪೆರೆಗೊ ಅದನ್ನು ನೋಡಿಯೇ, 1877ರಲ್ಲಿ ಯೊಕೊಹಾಮಾದಲ್ಲಿ ತೀರಿಕೊಂಡ. ಹತ್ತು ಹನ್ನೆರಡು ವರ್ಷ ತಪ್ಪು ಹೊತ್ತಿನ ಗಡಿಯಾರ ಇಟ್ಟುಕೊಂಡು ಕೂತ ಮನುಷ್ಯನ ತಾಳ್ಮೆಗೆ ಏನನ್ನಬೇಕೋ ನನಗೆ ತಿಳಿಯದು.

ಅವನ ಬೆನ್ನಿಗೆ ಸ್ವಿಸ್ ಸರ್ಕಾರ ಎಮೆ ಹಂಬರ್ಟ್ ಎಂಬ ರಾಯಭಾರಿಯನ್ನು ಕಳಿಸಿತು. ತಿಂಗಳುಗಟ್ಟಲೆ ಕಾಯಿಸಿ, 1864ರ ಫೆಬ್ರವರಿ 6ರಂದು ಜಪಾನು ಒಪ್ಪಂದಕ್ಕೆ ಸಹಿ ಹಾಕಿತು. ಆ ತಂಡದ ಕಾರ್ಯದರ್ಶಿ ಕಾಸ್ಪರ್ ಬ್ರೆನ್‌ವಾಲ್ಡ್ ಕಾಯುವ ಹೊತ್ತನ್ನು ಹಾಳು ಮಾಡಲಿಲ್ಲ, ಪೇಟೆ ನೋಡಿಕೊಂಡ. 1865ರಲ್ಲಿ ಸೀಬರ್ ಎಂಬ ಪಾಲುದಾರನ ಜೊತೆ ಯೊಕೊಹಾಮಾದಲ್ಲಿ ಸೀಬರ್ ಅಂಡ್ ಬ್ರೆನ್‌ವಾಲ್ಡ್ ಕಂಪನಿ ತೆರೆದ. ಬರೀ ಮಾರಲು ಹೋಗಲಿಲ್ಲ, ಜಪಾನಿನ ರೇಷ್ಮೆಯನ್ನು ಕೊಂಡು ಯುರೋಪಿಗೆ ಕಳಿಸಿದ. ಆ ಅಂಗಡಿಯ ವಂಶವೇ ಇವತ್ತಿನ ಡಿಕೆಎಸ್ಎಚ್, ಏಷ್ಯಾಕ್ಕೆ ಬರುವ ಹೊರಗಿನ ಕಂಪನಿಗಳಿಗೆ ದಾರಿ ಮಾಡಿಕೊಡುವುದೇ ಅದರ ಕಸುಬು.

ಮತ್ತೆ ನಮ್ಮ ಸಿಟಿಜನ್ ಮನುಷ್ಯ. ಹೆಸರು ರೊಡಾಲ್ಫ್ ಶ್ಮಿಡ್, 1890ರ ದಶಕದಲ್ಲಿ ಜಪಾನಿಗೆ ಹೋದವನು. ಮೊದಲು ತನ್ನ ಊರ ಕಡೆಯಿಂದ ತಯಾರಾದ ವಾಚು ತರಿಸುತ್ತಿದ್ದ. ಜಪಾನು ಆಮದು ಸುಂಕ ಏರಿಸಿತು. ಶ್ಮಿಡ್ ಅಂಗಡಿ ಮುಚ್ಚಲಿಲ್ಲ, ಬಿಡಿಭಾಗ ತರಿಸಿ ಯೊಕೊಹಾಮಾದಲ್ಲೇ ಜೋಡಿಸತೊಡಗಿದ. ಬಿಡಿಭಾಗಕ್ಕೆ ಸುಂಕ ಕಡಿಮೆ. ಇವತ್ತು ಫೋನು, ಕಾರು ಎಲ್ಲದರಲ್ಲೂ ನಡೆಯುವ ಆಟವನ್ನೇ ಅವನು ನೂರು ವರ್ಷದ ಹಿಂದೆ ಆಡಿದ್ದ. 1918ರಲ್ಲಿ ಸಿಟಿಜನ್ ಎಂಬ ಹೆಸರನ್ನು ಸ್ವಿಟ್ಜರ್ಲೆಂಡಿನಲ್ಲಿ ಟ್ರೇಡ್‌ಮಾರ್ಕ್ ಮಾಡಿಸಿದ. ಅದೇ ವರ್ಷ ಟೋಕಿಯೋದಲ್ಲಿ ಜಪಾನಿಯರದೇ ಒಂದು ವಾಚ್ ಸಂಶೋಧನಾ ಸಂಸ್ಥೆ ಶುರುವಾಗಿತ್ತು. 1930ರಲ್ಲಿ ಆ ಸಂಸ್ಥೆ ಮತ್ತು ಶ್ಮಿಡ್‌ನ ಕಾರ್ಖಾನೆ ಎರಡೂ ಸೇರಿ ಸಿಟಿಜನ್ ವಾಚ್ ಕಂಪನಿಯಾಯಿತು.

ಅಂದರೆ ಸ್ವಿಸ್ ಕಸುಬು ಯೊಕೊಹಾಮಾಕ್ಕೆ ಹೋಗಿ ಜಪಾನಿಯಾಯಿತು, ಜಪಾನಿ ಕಸುಬು ಬೆಂಗಳೂರಿಗೆ ಬಂದು ಜನತಾ ಆಯಿತು, ಜನತಾ ಖಾನಾಪುರದ ರೈಲು ಹತ್ತಿತು.

ಸಿಟಿಜನ್‌ಗೆ ಕಲಿಸಿದವರಿಗೆ ಕೊನೆಗೆ ಏನಾಯಿತು ಅಂತ ಕೇಳಿದರೆ, ಬಿತ್ತು ಪೆಟ್ಟು. 1969ರ ಡಿಸೆಂಬರ್ 25ರಂದು ಜಪಾನಿನ ಇನ್ನೊಂದು ಕಂಪನಿ ಸೀಕೊ ಮೊದಲ ಕ್ವಾರ್ಟ್ಜ್ ಕೈಗಡಿಯಾರ ಮಾರುಕಟ್ಟೆಗೆ ಬಿಟ್ಟಿತು. ಮುಂದಿನ ಹದಿನೈದು ವರ್ಷಗಳಲ್ಲಿ ಸ್ವಿಸ್ ವಾಚ್ ಉದ್ಯಮದ ಕೆಲಸಗಾರರ ಸಂಖ್ಯೆ ಸುಮಾರು ಮೂರನೇ ಒಂದು ಪಾಲಿಗೆ ಇಳಿಯಿತು. ಅದೇ ಕ್ವಾರ್ಟ್ಜ್ ಅಲೆ ನಮ್ಮ ಎಚ್ಎಂಟಿಯನ್ನೂ ನುಂಗಿತು. ಚಾವಿ ವಾಚನ್ನೇ ನೆಚ್ಚಿಕೊಂಡಿದ್ದವರ ಎದುರಿಗೆ 1987ರಲ್ಲಿ ಟೈಟನ್ ಕ್ವಾರ್ಟ್ಜ್ ಹಿಡಿದುಕೊಂಡು ಬಂತು. 2016ರಲ್ಲಿ ಕೇಂದ್ರ ಸರ್ಕಾರ ಎಚ್ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಾಗ ನಮ್ಮ ಮನೆಯಲ್ಲಿ ಅಜ್ಜ ಒಂದು ದಿನ ಸರಿಯಾಗಿ ಉಣ್ಣಲಿಲ್ಲ. ಅದೇ 2016ರಲ್ಲಿ ಸಿಟಿಜನ್ ಸ್ವಿಟ್ಜರ್ಲೆಂಡಿನ ಫ್ರೆಡರಿಕ್ ಕಾನ್‌ಸ್ಟಂಟ್ ಎಂಬ ವಾಚ್ ಕಂಪನಿಯನ್ನೇ ಕೊಂಡುಕೊಂಡಿತು. ಸಂತೆಯಲ್ಲಿ ಯಾರು ಕೊಳ್ಳುವವರು ಯಾರು ಮಾರುವವರು ಅಂತ ಹೇಳಲಿಕ್ಕೆ ಆಗುವುದಿಲ್ಲ ನೋಡಿ.

ವಾಚು ಬಿಟ್ಟು ಬೇರೆಯವರೂ ಇದ್ದಾರೆ. ನೆಸ್ಲೆ ಜಪಾನಿನಲ್ಲಿ ಶಾಖೆ ತೆರೆದದ್ದು 1913ರಲ್ಲಿ. (ನಮ್ಮ ನಂಜನಗೂಡಿಗೆ ಬಂದದ್ದು 1989ರಲ್ಲಿ.) ಅವರ ಕಿಟ್‌ಕ್ಯಾಟ್ ಅಲ್ಲಿ ಪರೀಕ್ಷೆಗೆ ಹೋಗುವ ಮಕ್ಕಳಿಗೆ ಕೊಡುವ ಶಕುನದ ಚಾಕಲೇಟು, ಯಾಕಂದರೆ ಆ ಹೆಸರು ಜಪಾನಿ ಭಾಷೆಯ "ಖಂಡಿತ ಗೆಲ್ತೀಯ" ಎಂಬ ಮಾತಿನ ಹಾಗೆ ಕೇಳಿಸುತ್ತದೆ. ನಮ್ಮಲ್ಲಿ ಪರೀಕ್ಷೆಗೆ ಮುಂಚೆ ಅವ್ವ ಮೊಸರು ಸಕ್ಕರೆ ಕೊಟ್ಟಂತೆ. ಸರ್ಕಾರಗಳ ಮಟ್ಟದಲ್ಲಿ ಹೇಳುವುದಾದರೆ, ಜಪಾನು ಯುರೋಪಿನ ದೇಶವೊಂದರ ಜೊತೆ ಮಾಡಿಕೊಂಡ ಮೊದಲ ಮುಕ್ತ ವ್ಯಾಪಾರ ಒಪ್ಪಂದವೂ ಸ್ವಿಟ್ಜರ್ಲೆಂಡ್ ಜೊತೆಗಿನದೇ, 2009ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ನಮಗೂ ಜಪಾನಿಗೂ ಅಂಥ ಒಪ್ಪಂದ 2011ರಿಂದ ಇದೆ. ಸ್ವಿಟ್ಜರ್ಲೆಂಡ್ ಇರುವ ಎಫ್ಟಾ ಗುಂಪಿನ ಜೊತೆಗಿನದು 2025ರ ಅಕ್ಟೋಬರ್ 1ರಂದು ಜಾರಿಗೆ ಬಂತು. ಕಾಗದದ ಮೇಲೆ ಬಾಗಿಲು ತೆರೆದಿದೆ. ನಮ್ಮ ಉದ್ಯಮಬಾಗದ ಶೆಡ್ಡುಗಳಿಗೆ ಅದು ಕಾಣುವುದು ಅಪರೂಪ, ಆ ಮಾತು ಬೇರೆ.

ಶೆಡ್ಡಿನಲ್ಲಿ ಇದ್ದದ್ದೇ ಕಾಣಲಿಲ್ಲ

ಓದುತ್ತಾ ಓದುತ್ತಾ ಇನ್ನೊಂದು ಸಂಗತಿಗೆ ಬಂದು ಎಡವಿದೆ. ವಾಚಿಗೆ ಜಪಾನಿನವರು ಬರುವ ಮುಂಚೆ ಎಚ್ಎಂಟಿಯನ್ನು ಕಟ್ಟಲು ಕೈಹಿಡಿದವರು ಯಾರು? ಸ್ವಿಟ್ಜರ್ಲೆಂಡಿನ ಓರ್ಲಿಕಾನ್. 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಕಂಪನಿ ಶುರುವಾದಾಗ ತಾಂತ್ರಿಕ ಸಹಾಯ ಅವರದು. ಅಲ್ಲಿ ಮೊದಲು ತಯಾರಾದದ್ದು ಲೇಥು.

ಮಾರನೇ ದಿನ ಮುಂಜಾನೆ ಶೆಡ್ಡಿಗೆ ಹೋಗಿ ಅಪ್ಪನಿಗೆ ಹೇಳಿದೆ. ಅಪ್ಪ ವೇಸ್ಟಿನಿಂದ ಕೈ ಒರೆಸಿಕೊಳ್ಳುತ್ತಾ ನಕ್ಕರು. "ನನಗ ಗೊತ್ತೈತಿ. ನನಗ ಕಲಿಸಿದ ಮೇಸ್ತ್ರಿ ಹೇಳ್ತಿದ್ರು, ಇದರ ಬೆಡ್ ಮ್ಯಾಲ ಕೈ ಇಟ್ರ ಸ್ವಿಸ್ ಮಂದಿ ಕೈ ಹಿಡದಂಗ ಅಂತ. ನೀ ಯಾವಾಗರ ಕೇಳಿದ್ಯೇನು?"

ಕೇಳಿರಲಿಲ್ಲ. ಅಪ್ಪ ಆ ಲೇಥನ್ನು ಗುಜರಿಗೆ ಹಾಕುವುದಿಲ್ಲ ಅಂದಾಗೆಲ್ಲ ಜಾಗ ಹಾಳು ಅಂತ ವಾದ ಮಾಡಿದವಳು ನಾನೇ. ನಮ್ಮ ಊರಿಗೆ ಇದೇನೂ ಹೊಸದಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಇದೇ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು. 1997ರಲ್ಲಿ ಜಪಾನಿನ ಟೊಯೋಟಾ ಕರ್ನಾಟಕಕ್ಕೆ ಬಂದಾಗ ಪಾಲುದಾರರಾಗಿ ಹುಡುಕಿಕೊಂಡದ್ದು ಅದೇ ಮನೆತನವನ್ನು. ಕಾಲೇಜಿನಲ್ಲಿ ಇದನ್ನು ಒಂದು ಮಾರ್ಕಿನ ಪ್ರಶ್ನೆ ಅಂತ ಓದಿದ್ದೆ.

ಅವತ್ತು ಲೇಥಿನ ಪಕ್ಕದಲ್ಲೇ ನಿಂತು ಅಪ್ಪನಿಗೆ ಉಳಿದದ್ದನ್ನೂ ಹೇಳಿದೆ. ರೇಟಿನಿಂದ ಅಲ್ಲ, ನನ್ನಿಂದ ಆರ್ಡರ್ ಹೋಯಿತು ಅಂದೆ. ನಲವತ್ತೈದು ಸಾಲು, ಹತ್ತು ನಿಮಿಷ, ಎಲ್ಲ.

ಅಪ್ಪ ಮಷಿನ್ ಬಂದ್ ಮಾಡಿದರು. ಬೈತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಬಹಳ ಹೊತ್ತಿನ ಮೇಲೆ "ಐದ್ ಅಳಿ ಅಂತ ಹೇಳಿದಾಂವ ನಾನ ಅಲ್ಲಾ" ಅಂದರು. ಮತ್ತೆ ಸ್ವಲ್ಪ ತಡೆದು, "ಪೀಸ್ ಸರಿ ಇದ್ವು ಅಂದಿ ಅಲ್ಲ? ಐವತ್ತೂ?"

"ಐವತ್ತೂ, ಅಪ್ಪಾ."

ಅಷ್ಟಕ್ಕೆ ಅವರ ಮುಖ ಸ್ವಲ್ಪ ತಿಳಿಯಾಯಿತು. ನನ್ನದು ಆಗಲಿಲ್ಲ.

ಆ ವಾರ ನಾನು ಬೆಂಗಳೂರಿನ ಆಫೀಸಿಗೆ ಮೇಲ್ ಬರೆದೆ. ಐದು ಪೀಸು ಮಾತ್ರ ಅಳೆದಿದ್ದು, ಉಳಿದ ಅಂಕಿ ನಾನು ತುಂಬಿದ್ದು, ತಪ್ಪು ಶೆಡ್ಡಿನದಲ್ಲ, ನನ್ನದು. ಮೂರು ಸಲ ಬರೆದು ಮೂರು ಸಲ ಅಳಿಸಿ, ನಾಲ್ಕನೇ ಸಲ ಕಳಿಸಿದೆ. ಹದಿನೇಳು ದಿನ ಉತ್ತರವಿಲ್ಲ. ಹದಿನೆಂಟನೇ ದಿನ ಎರಡು ಸಾಲು ಬಂತು: ತಿಳಿಸಿದ್ದಕ್ಕೆ ಧನ್ಯವಾದ, ಇಷ್ಟವಿದ್ದರೆ ಇಪ್ಪತ್ತು ಪೀಸು ಹೊಸದಾಗಿ, ವರದಿಯ ಜೊತೆ ಕಳಿಸಬಹುದು. ಆರ್ಡರಿನ ಮಾತೇ ಇಲ್ಲ.

ಈ ಸಲ ಅಪ್ಪ ಕನ್ನಡಕ ಏರಿಸಿಕೊಂಡು ಮೈಕ್ರೋಮೀಟರು ಹಿಡಿದು ಒಂದೊಂದೇ ಅಂಕಿ ಕೂಗಿದರು, ನಾನು ಬರೆದುಕೊಂಡೆ. ಇಪ್ಪತ್ತು ಪೀಸಿಗೆ ಎರಡು ಸಂಜೆ ಹಿಡಿಯಿತು. ಹದಿಮೂರನೆಯದು ಸ್ವಲ್ಪ ಹೆಚ್ಚು ಬಂತು. ಅಪ್ಪ ಅದನ್ನು ಬದಿಗಿಟ್ಟು ಇನ್ನೊಂದು ಮಾಡಿಸಿದರು, ನಾನು ಹಾಗೆ ಮಾಡಿದ್ದನ್ನೂ ವರದಿಯಲ್ಲಿ ಬರೆದೆ. ಕುರಿಯರ್ ಹೋಗಿ ಇವತ್ತಿಗೆ ಒಂಬತ್ತು ದಿನ.

ವಾಚು ಕಾಕಾ ಹತ್ತಿರದಿಂದ ವಾಪಸ್ ಬಂದಿದೆ. ಎಣ್ಣೆ ಒಣಗಿತ್ತಂತೆ, ತೊಳೆದು ಕೊಟ್ಟರು. "ದಿನಕ್ಕ ಒಂದೆರಡ್ ನಿಮಿಷ ಹಿಂದ್ ಬೀಳ್ತೈತಿ ತಂಗಿ, ಬೇಕಂದ್ರ ಇನ್ನೊಮ್ಮೆ ತಾ" ಅಂದಿದ್ದಾರೆ. ನಾಲ್ಕನೇ ರೈಲ್ವೆ ಗೇಟಿನಲ್ಲಿ ನಿಂತಾಗ ಫೋನ್ ಜೊತೆ ತಾಳೆ ನೋಡಿದೆ, ಎರಡೇ ನಿಮಿಷ. ಗೇಟು ತೆರೆಯುವ ಹೊತ್ತಿಗೆ ಮೇಲ್ ಕೂಡ ನೋಡಿದೆ. ಏನೂ ಬಂದಿರಲಿಲ್ಲ.