ಮಳೆಗಾಲಕ್ಕೆ ಮಡಚಿಡುವ ಮನೆ

ಪರಸ್ಥಳದಿಂದ ಬಂದವರಿಗೆ ತಂಗಲು ಜಾಗ ಕೊಡುವುದು ಗೋಕರ್ಣಕ್ಕೆ ಹೊಸ ಕಸುಬಲ್ಲ. ಊರಲ್ಲಿ ಲಾಡ್ಜುಗಳು ತಲೆಯೆತ್ತುವ ಎಷ್ಟೋ ಮೊದಲೇ, ಮಹಾಬಲೇಶ್ವರನ ದರ್ಶನಕ್ಕೋ ಪಿತೃಕಾರ್ಯಕ್ಕೋ ಬಂದ ಯಾತ್ರಿಕರು ಪುರೋಹಿತರ ಮನೆಗಳಲ್ಲೇ ಇಳಿದುಕೊಳ್ಳುತ್ತಿದ್ದರು. ಊಟ ಅಲ್ಲೇ, ಕರ್ಮಾಂಗ ಅಲ್ಲೇ, ರಾತ್ರಿ ಜಗಲಿಯ ಮೇಲೆ ಚಾಪೆ. ಊರಿನ ದಕ್ಷಿಣಕ್ಕಿರುವ ಗುಡ್ಡ ಹತ್ತಿಳಿದರೆ ಸಿಗುವ ಕುಡ್ಲೆ ಮತ್ತು ಓಂ ತೀರಗಳ ಗುಡಿಸಲುಗಳನ್ನು ನಾನು ಆ ಹಳೆಯ ಪದ್ಧತಿಯ ಮುಂದುವರಿಕೆ ಎಂದೇ ನೋಡುತ್ತೇನೆ. ದಕ್ಷಿಣೆಯ ಜಾಗದಲ್ಲಿ ಬಾಡಿಗೆ ಬಂದಿದೆ, ದೇವರ ಜಾಗದಲ್ಲಿ ಕಡಲು.

ಗೋವಾದ ತೀರಗಳಲ್ಲಿ ಜನಜಂಗುಳಿ ಹೆಚ್ಚಿದಂತೆ ಬೆನ್ನಿಗೆ ಚೀಲ ಹೊತ್ತ ವಿದೇಶಿಯರು ದಕ್ಷಿಣಕ್ಕೆ ಸರಿದು ಇಲ್ಲಿಗೆ ಬಂದರು. ಅವರಿಗೆ ಬೇಕಾಗಿದ್ದದ್ದು ಹೆಚ್ಚೇನಲ್ಲ: ನೆರಳು, ಚಾಪೆ, ಬಾವಿ ನೀರು, ಎರಡು ಹೊತ್ತಿನ ಊಟ. ತೀರದ ಹಿಂದೆ ತೆಂಗಿನ ತೋಟ ಇದ್ದವರು ನಾಲ್ಕು ಕಂಬ ನೆಟ್ಟು, ಮಡಲು ಹೊದಿಸಿ, ನೆಲಕ್ಕೆ ಸೆಗಣಿ ಸಾರಿಸಿ ಕೊಟ್ಟರು. ಬಾಗಿಲಿಗೆ ಬೀಗ ಬೇಕೆಂದರೆ ಬಂದವರೇ ತರಬೇಕಿತ್ತು. 1998ರಲ್ಲಿ ಕೊಂಕಣ ರೈಲು ಉದ್ದಕ್ಕೂ ಓಡತೊಡಗಿದ ಮೇಲೆ ಬರುವವರ ಸಂಖ್ಯೆ ಏರಿತು. ಈಗ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರೂ ಹುಬ್ಬಳ್ಳಿಯ ಸಂಸಾರಸ್ಥರೂ ಶನಿವಾರ ಬೆಳಿಗ್ಗೆ ಬಂದು ಇಳಿಯುತ್ತಾರೆ. ಗುಡಿಸಲಿಗೂ ‘ಕಾಟೇಜ್’ ಎಂಬ ಹೆಸರು ಬಂದಿದೆ.

ಹೆಸರು ಏನೇ ಇರಲಿ, ಕಟ್ಟುವ ಕೆಲಸ ನೋಡಲು ಚೆಂದ. ತೆಂಗಿನ ಗರಿಯನ್ನು ನಡುದಿಂಡಿನ ಗುಂಟ ಎರಡಾಗಿ ಸೀಳಿ ನೀರಲ್ಲಿ ನೆನೆಹಾಕುತ್ತಾರೆ. ಒಣಗಿದ ಗರಿ ಮಣಿಯುವುದಿಲ್ಲ, ಮುರಿಯುತ್ತದೆ. ನೆನೆದ ಸೀಳನ್ನು ನೆಲಕ್ಕೆ ಹಾಸಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದು ಎಸಳು ಮೇಲೆ ಒಂದು ಕೆಳಗೆ ಎಂದು ಹೆಣೆಯುತ್ತ ಹೋಗುತ್ತಾರೆ. ಕೈ ಪಳಗಿದವರು ಹೆಣಿಗೆಯನ್ನು ನೋಡುವುದೇ ಇಲ್ಲ, ಮಾತಾಡುತ್ತಲೇ ತಟ್ಟಿ ಮುಗಿಸುತ್ತಾರೆ. ಬಿದಿರಿನದ್ದೋ ಅಡಕೆ ದಬ್ಬೆಯದ್ದೋ ಹಂದರದ ಮೇಲೆ ಈ ತಟ್ಟಿಗಳನ್ನು ಸೂರಿನ ಕಡೆಯಿಂದ ಮೇಲಕ್ಕೆ, ಒಂದರ ಮೇಲೊಂದು ಸೇರುವ ಹಾಗೆ ಹೊದಿಸಿ ಹಗ್ಗದಿಂದ ಬಿಗಿಯುತ್ತಾರೆ. ಕೆಳಗಿನಿಂದ ಮೇಲಕ್ಕೆ ಹೋದರೆ ಮಾತ್ರ ನೀರು ಜಾರುತ್ತದೆ, ಕ್ರಮ ತಪ್ಪಿದರೆ ಮೊದಲ ಮಳೆಗೇ ಹಾಸಿಗೆ ತೊಯ್ಯುತ್ತದೆ. ಮೊಳೆಗಿಂತ ಗಂಟಿನ ಮೇಲೆ ನಂಬಿಕೆ ಹೆಚ್ಚು. ಉಪ್ಪುಗಾಳಿಗೆ ಮೊಳೆ ತುಕ್ಕು ಹಿಡಿಯುತ್ತದೆ, ತೆಂಗಿನ ನಾರಿನ ಹಗ್ಗ ಜಗ್ಗುವುದಿಲ್ಲ.

ಇಂಥ ಚಾವಣಿಯ ಆಯುಸ್ಸು ಒಂದೆರಡು ವರ್ಷ. ನೈರುತ್ಯ ಮಳೆಗಾಲದಲ್ಲಿ ಈ ಕರಾವಳಿಗೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಕಡಲು ತೀರದ ಮರಳನ್ನು ತಿಂದು ಮೇಲೇರುತ್ತದೆ. ಅದಕ್ಕೇ ಹಳಬರು ಮೇ ಕೊನೆಗೆ ತಟ್ಟಿ ಬಿಚ್ಚಿ, ಬಿದಿರು ಕಳಚಿ ಒಳಗಿಟ್ಟು, ಮಳೆ ಕಳೆದ ಮೇಲೆ ಮತ್ತೆ ಕಟ್ಟುತ್ತಿದ್ದರು. ಹಾಳಾದ ಗರಿ ಒಲೆಗೋ ತೆಂಗಿನ ಬುಡಕ್ಕೋ ಹೋಗುತ್ತಿತ್ತು. ಬಿಚ್ಚಿಡಬಹುದಾದ ಮನೆ ಎಂಬುದೇ ಈ ವಸತಿಯ ಜಾಣತನ. ಕಡಲಿನ ಹತ್ತಿರ ಇರಬೇಕೆಂದರೆ ಕಡಲಿಗೆ ವರ್ಷಕ್ಕೊಮ್ಮೆ ಜಾಗ ಬಿಟ್ಟುಕೊಡಬೇಕು ಎನ್ನುವುದು ಅವರಿಗೆ ಯಾರೂ ಹೇಳಿಕೊಡದೆ ಗೊತ್ತಿತ್ತು.

ಸರ್ಕಾರ ಅದನ್ನು ಕಾಗದದ ಮೇಲೆ ಬರೆದದ್ದು ತಡವಾಗಿ. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಉಬ್ಬರದ ಗೆರೆಯಿಂದ 500 ಮೀಟರ್‌ವರೆಗಿನ ಪಟ್ಟಿಯನ್ನು ನಿಯಮದಡಿ ತಂದಿತು. ಹಳ್ಳಿಗಾಡಿನ ತೀರದಲ್ಲಿ ಮೊದಲ 200 ಮೀಟರ್‌ನಲ್ಲಿ ಹೊಸ ನಿರ್ಮಾಣ ಕೂಡದು ಎಂದಿತು. 2011ರ ಪರಿಷ್ಕೃತ ಅಧಿಸೂಚನೆಯಲ್ಲಿ ಗೋವಾಕ್ಕೆಂದೇ ಒಂದು ಮಾತು ಸೇರಿತು: ರೂಢಿಯಂತೆ ಸೆಪ್ಟೆಂಬರಿನಿಂದ ಮೇ ತನಕ ಹಾಕುವ ತಾತ್ಕಾಲಿಕ ಕಟ್ಟಣೆಗಳಿಗೆ ಅಲ್ಲಿ ಅವಕಾಶ. 2019ರಲ್ಲಿ ಜನಸಾಂದ್ರತೆ ಹೆಚ್ಚಿರುವ ಹಳ್ಳಿಗಳಿಗೆ 200 ಮೀಟರ್ ಮಿತಿ 50ಕ್ಕೆ ಇಳಿಯಿತು, ಉಳಿದ ಕಡೆ ಹಾಗೇ ಉಳಿಯಿತು. ಈ ಅಂಕಿಗಳ ಜಗಳ ಕಚೇರಿಗಳಲ್ಲಿ ನಡೆಯುತ್ತಲೇ ಇರುತ್ತದೆ. ಕಣ್ಣಿಗೆ ಕಾಣುವ ಬದಲಾವಣೆ ಮಾತ್ರ ಸರಳ. ಮಡಲು ಹೋಗಿ ತಗಡು ಬಂತು, ಸೆಗಣಿ ನೆಲ ಹೋಗಿ ಟೈಲ್ಸ್ ಬಂತು, ಚಿರೇಕಲ್ಲಿನ ಗೋಡೆಗೆ ಸಿಮೆಂಟ್ ಬಳಿದು ಹೊರಗಡೆ ತೋರಿಕೆಗೆ ಎರಡು ಬಿದಿರು ಕಟ್ಟುವ ರೂಢಿಯೂ ಬಂತು. ಅದು ನನಗೆ ಕಾಟೇಜ್ ಅಲ್ಲ, ವೇಷ ಹಾಕಿದ ಲಾಡ್ಜು. ಹಾಗೆಂದು ಕಟ್ಟಿಸಿದವರನ್ನಷ್ಟೇ ಬೈದರೆ ಅನ್ಯಾಯ. ಬಂದವರೆಲ್ಲ ಎಸಿ ಕೇಳಿದರೆ ಗರಿ ಹೊದಿಸಿ ಯಾರು ಕೂರುತ್ತಾರೆ?

ಗರಿಯ ಗುಡಿಸಲಿನ ರಾತ್ರಿ ಎಲ್ಲರಿಗೂ ಒಗ್ಗುವುದಿಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಕಡಲಿನ ಸದ್ದು ಫೋಟೋದಲ್ಲಿ ಕೇಳಿಸುವುದಿಲ್ಲ. ಗುಡಿಸಲಿನಲ್ಲಿ ಅದು ತಲೆದಿಂಬಿನ ಪಕ್ಕದಲ್ಲೇ ಇರುತ್ತದೆ, ಮೊದಲ ರಾತ್ರಿ ನಿದ್ದೆ ಹತ್ತುವುದು ಕಷ್ಟ. ಚಾವಣಿಯಲ್ಲಿ ಇಲಿ ಓಡುತ್ತದೆ. ಎಷ್ಟು ಕೊಡವಿದರೂ ಹಾಸಿಗೆಯಲ್ಲಿ ಮರಳು. ಬಕೆಟ್ಟಿನ ನೀರಿಗೆ ಸಣ್ಣಗೆ ಉಪ್ಪಿನ ರುಚಿ, ಸೋಪು ಹಾಕಿದರೆ ನೊರೆಯೇ ಏಳುವುದಿಲ್ಲ. ಸಂಜೆಯಾದರೆ ಸೊಳ್ಳೆಪರದೆ ಇಳಿಸಲೇಬೇಕು. ಇಷ್ಟಕ್ಕೆ ಸಿದ್ಧರಿದ್ದವರಿಗೆ ಮಾತ್ರ ಇನ್ನೊಂದು ಸಿಗುತ್ತದೆ: ಹಗಲು ಎಷ್ಟೇ ಕಾದರೂ ಕತ್ತಲಾಗುತ್ತಿದ್ದಂತೆ ತಟ್ಟಿಯ ಸಂದಿನಲ್ಲಿ ಗಾಳಿ ನುಗ್ಗಿ ಒಳಗೆ ತಂಪಾಗುತ್ತದೆ. ತಗಡಿನ ಕೋಣೆಯಲ್ಲಿ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿರುತ್ತದೆ.

ಊಟದ ವಿಷಯದಲ್ಲಿ ನನ್ನದೊಂದು ತಕರಾರಿದೆ. ತೀರದ ಮೆನುಗಳಲ್ಲಿ ಪಾಸ್ತಾ, ಫಲಾಫೆಲ್, ಬನಾನಾ ಪ್ಯಾನ್‌ಕೇಕ್ ಎಲ್ಲ ಇರುತ್ತವೆ, ನೆಲದ ರುಚಿ ಹುಡುಕಬೇಕು. ಪಕ್ಕದ ಅಘನಾಶಿನಿ ಅಳಿವೆ ಸಿಗಡಿ, ಏಡಿ, ಚಿಪ್ಪುಮೀನಿಗೆ ಹೆಸರಾದದ್ದು. 2024ರಲ್ಲಿ ಅದು ಜಾಗತಿಕ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಉಪ್ಪಿಗೆ ಪ್ರಸಿದ್ಧವಾದ ಸಾಣಿಕಟ್ಟೆಯ ಗದ್ದೆಗಳು ಊರಿಂದ ಕೆಲವೇ ಕಿಲೋಮೀಟರ್ ದೂರ. ಗುಡಿಸಲಿನ ಮನೆಯವರನ್ನು ಹಿಂದಿನ ದಿನವೇ ಕೇಳಿಕೊಂಡರೆ ಬಂಗಡೆ ಹುಳಿಯೋ, ತಂಬುಳಿಯೋ, ಮುರುಗಲ ಹಣ್ಣಿನ ಪಾನಕವೋ ಸಿಗುವುದುಂಟು. ಕೇಳದಿದ್ದರೆ ಪ್ಯಾನ್‌ಕೇಕೇ ಗತಿ.

ಹೋಗುವವರಿಗೆ ಕೆಲವು ಮಾತು. ಬೆಂಗಳೂರಿನಿಂದ ರಾತ್ರಿ ರೈಲು ಪಂಚಗಂಗಾ ಇದೆ, ಗೋಕರ್ಣ ರೋಡ್ ನಿಲ್ದಾಣದಲ್ಲಿ ಇಳಿದು ಆಟೋ ಹಿಡಿಯಬೇಕು. ಕುಡ್ಲೆಗೆ ಊರಿಂದ ಗುಡ್ಡದ ಕಾಲುದಾರಿ ಇದೆ, ಅಲ್ಲಿಂದ ಓಂ ತೀರಕ್ಕೆ ಸುಮಾರು 20 ನಿಮಿಷದ ನಡಿಗೆ. ಗಾಲಿ ಸೂಟ್‌ಕೇಸು ತಂದವರು ಈ ದಾರಿಯಲ್ಲಿ ಪಡುವ ಪಾಡು ನೋಡಲಾಗದು, ಬೆನ್ನುಚೀಲವೇ ಸರಿ. ನವೆಂಬರಿನಿಂದ ಫೆಬ್ರುವರಿ ತನಕ ಹವೆ ಹಿತ. ಶಿವರಾತ್ರಿಯ ತೇರಿನ ದಿನಗಳಲ್ಲಿ ಊರು ತುಂಬಿ ತುಳುಕುತ್ತದೆ, ಕೋಣೆ ಮೊದಲೇ ಹೇಳಿಡಬೇಕು. ಕಡಲಿಗಿಳಿಯುವಾಗ ಜೀವರಕ್ಷಕರು ಬೇಡ ಎಂದ ಕಡೆ ಇಳಿಯಬೇಡಿ. ಇಲ್ಲಿಯ ಬಂಡೆಗಳ ನಡುವಿನ ಸೆಳೆತಕ್ಕೆ ಈಜು ಬಲ್ಲವರೂ ಬಲಿಯಾಗಿದ್ದಾರೆ.

ಕೋಣೆ ಗೊತ್ತುಮಾಡುವಾಗ ವೈಫೈ ಇದೆಯೇ ಎಂದು ಕೇಳುವುದರ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿ: ಚಾವಣಿ ಯಾವುದರದ್ದು? ಬಚ್ಚಲಿನ ನೀರು, ಕಸ ಎಲ್ಲಿಗೆ ಹೋಗುತ್ತದೆ? ಹತ್ತು ಜನ ಕೇಳಿದರೆ ಮಾಲೀಕರು ಮುಂದಿನ ಅಕ್ಟೋಬರಿನಲ್ಲಿ ಮಡಲು ಹೆಣೆಯುವವರನ್ನು ಕರೆಸುವ ಯೋಚನೆಯನ್ನಾದರೂ ಮಾಡುತ್ತಾರೆ.